ಯಾವ ತೊಂದರೆಯೂ ಇಲ್ಲದಿರುವಾಗ ಮಧುಮೇಹಿಗಳಿಗೆ ಕಣ್ಣು, ಮೂತ್ರ, ಪಾದಗಳ ಪರೀಕ್ಷೆ ಏಕೆ?

ಓದುಗರ ಪ್ರಶ್ನೆ: ನನಗೆ ಎಂಟು ವರ್ಷಗಳಿಂದ ಸಕ್ಕರೆ ಕಾಯಿಲೆಯಿದೆ. ಮಾತ್ರೆ ತಪ್ಪಿಸುವುದಿಲ್ಲ. ಕಣ್ಣು ಚೆನ್ನಾಗಿ ಕಾಣಿಸುತ್ತದೆ, ಮೂತ್ರ ಸರಾಗವಾಗಿ ಹೋಗುತ್ತದೆ, ಕಾಲಿನಲ್ಲಿ ನೋವಿಲ್ಲ. ಆದರೂ ವೈದ್ಯರು ಪ್ರತಿ ವರ್ಷ ಕಣ್ಣು, ಮೂತ್ರ, ಪಾದಗಳ ಪರೀಕ್ಷೆ ಮಾಡಿಸಿಕೊಳ್ಳಿ ಎನ್ನುತ್ತಾರೆ. ತೊಂದರೆ ಕಾಣಿಸಿಕೊಂಡ ಮೇಲೆ ಹೋದರೆ ಸಾಲದೇ?

ಉತ್ತರ: ಸಾಲದು. ನಿಮ್ಮ ಪ್ರಶ್ನೆ ಸಹಜವಾದದ್ದೇ. ಬೇರೆ ಬಹಳಷ್ಟು ಕಾಯಿಲೆಗಳಲ್ಲಿ ನೋವೋ ಜ್ವರವೋ ಮೊದಲು ಕಾಣಿಸಿಕೊಂಡು ನಮ್ಮನ್ನು ವೈದ್ಯರ ಬಳಿಗೆ ಅಟ್ಟುತ್ತದೆ. ಮಧುಮೇಹದ ದೀರ್ಘಕಾಲಿಕ ತೊಡಕುಗಳಲ್ಲಿ ಈ ಕ್ರಮವೇ ತಲೆಕೆಳಗಾಗಿರುತ್ತದೆ. ಹಾನಿ ಮೊದಲು ಶುರುವಾಗುತ್ತದೆ, ಲಕ್ಷಣಗಳು ವರ್ಷಗಳ ನಂತರ ತೋರುತ್ತವೆ, ಅಷ್ಟು ಹೊತ್ತಿಗೆ ಆದ ಹಾನಿಯಲ್ಲಿ ಹೆಚ್ಚಿನದನ್ನು ಸರಿಪಡಿಸಲು ಆಗುವುದಿಲ್ಲ. ನೀವು ಆರೋಗ್ಯವಾಗಿರುವ ಈ ದಿನಗಳೇ ಪರೀಕ್ಷೆಗೆ ತಕ್ಕ ಕಾಲ.

ದೇಹದ ಹೆಚ್ಚಿನ ಜೀವಕೋಶಗಳು ರಕ್ತದಲ್ಲಿ ಸಕ್ಕರೆ ಹೆಚ್ಚಾದಾಗ ತಮ್ಮೊಳಗೆ ಬರುವ ಪ್ರಮಾಣವನ್ನು ಒಂದು ಮಟ್ಟಿಗೆ ಹತೋಟಿಯಲ್ಲಿ ಇಟ್ಟುಕೊಳ್ಳಬಲ್ಲವು. ಆದರೆ ಸೂಕ್ಷ್ಮ ರಕ್ತನಾಳಗಳ ಒಳಪದರದ ಕೋಶಗಳಿಗೂ ನರಗಳಿಗೂ ಆ ಸಾಮರ್ಥ್ಯ ಕಡಿಮೆ. ರಕ್ತದಲ್ಲಿ ಸಕ್ಕರೆ ಏರಿದಷ್ಟೂ ಅವುಗಳ ಒಳಗೂ ಏರುತ್ತದೆ. ವರ್ಷಗಟ್ಟಲೆ ಹೀಗೆಯೇ ನಡೆದಾಗ ಸೂಕ್ಷ್ಮ ನಾಳಗಳ ಗೋಡೆ ದಪ್ಪಗಾಗುತ್ತದೆ, ಸೋರತೊಡಗುತ್ತದೆ, ಕೊನೆಗೆ ಕೆಲವು ನಾಳಗಳು ಮುಚ್ಚಿಯೇ ಹೋಗುತ್ತವೆ. ಕಣ್ಣಿನ ಹಿಂಬದಿಯಲ್ಲಿ ಬೆಳಕನ್ನು ಗ್ರಹಿಸುವ ಅಕ್ಷಿಪಟಲ ಮತ್ತು ಮೂತ್ರಪಿಂಡದ ಶೋಧಕಗಳು ಇಂತಹ ನಾಳಗಳಿಂದಲೇ ಹೆಣೆದುಕೊಂಡಿರುವುದರಿಂದ, ನರಗಳ ಜೊತೆಗೆ ಈ ಎರಡು ಅಂಗಗಳೂ ಮೊದಲು ಪೆಟ್ಟು ತಿನ್ನುತ್ತವೆ. ಹೆಚ್ಚಿನವರಲ್ಲಿ ಕಾಣುವ ಟೈಪ್ 2 ಮಧುಮೇಹ ಗೊತ್ತಾದ ದಿನವೇ ಶುರುವಾದ ದಿನವಲ್ಲ ಎಂಬುದನ್ನೂ ನೆನಪಿಡಬೇಕು. ಬ್ರಿಟನ್ನಿನಲ್ಲಿ 1977ರಿಂದ 1997ರವರೆಗೆ 5102 ಮಂದಿಯ ಮೇಲೆ ನಡೆದ ಯುಕೆಪಿಡಿಎಸ್ ಅಧ್ಯಯನದಲ್ಲಿ, ಕಾಯಿಲೆ ಆಗತಾನೇ ಪತ್ತೆಯಾದವರಲ್ಲಿ ಸುಮಾರು ಅರ್ಧದಷ್ಟು ಜನರಿಗೆ ಯಾವುದಾದರೊಂದು ತೊಡಕಿನ ಗುರುತು ಆಗಲೇ ಇತ್ತು. ಈ ಕಾರಣಕ್ಕಾಗಿಯೇ ಟೈಪ್ 2 ಇರುವವರಿಗೆ ಕಾಯಿಲೆ ಪತ್ತೆಯಾದ ಕೂಡಲೇ ಈ ಪರೀಕ್ಷೆಗಳನ್ನು ಆರಂಭಿಸುತ್ತಾರೆ. ದೇಹದಲ್ಲಿ ಇನ್ಸುಲಿನ್ ಹೆಚ್ಚುಕಡಿಮೆ ತಯಾರಾಗದೇ ಹೋಗುವ ಟೈಪ್ 1ರಲ್ಲಿ ಸಾಮಾನ್ಯವಾಗಿ ಐದು ವರ್ಷಗಳ ನಂತರ ಶುರುಮಾಡಿದರೆ ಸಾಕು.

ಮೊದಲು ಕಣ್ಣಿನ ವಿಚಾರ. ಚೆನ್ನಾಗಿ ಕಾಣಿಸುತ್ತದೆ ಎಂಬ ನಿಮ್ಮ ಮಾತು ನಿಜವೇ ಇರಬಹುದು, ಆದರೆ ಅಕ್ಷರಗಳ ಫಲಕವನ್ನು ಕೊನೆಯ ಸಾಲಿನವರೆಗೆ ಓದುವವರ ಅಕ್ಷಿಪಟಲದಲ್ಲಿಯೂ ರಕ್ತದ ಚುಕ್ಕೆಗಳಿರಬಹುದು, ಒಡೆದರೆ ದೃಷ್ಟಿಯನ್ನೇ ಕಸಿಯಬಲ್ಲ ಹೊಸ ನಾಳಗಳು ಬೆಳೆದಿರಬಹುದು. ದೃಷ್ಟಿಯ ನಡುಭಾಗಕ್ಕೆ ಧಕ್ಕೆಯಾಗುವವರೆಗೆ ಏನೂ ಗೊತ್ತಾಗುವುದಿಲ್ಲ. ಆದ್ದರಿಂದ ಕನ್ನಡಕದ ನಂಬರು ನೋಡಿಸಿಕೊಂಡು ಬಂದರೆ ಅದು ಈ ಪರೀಕ್ಷೆ ಆಗುವುದಿಲ್ಲ. ಹನಿ ಹಾಕಿ ಪಾಪೆಯನ್ನು ಹಿಗ್ಗಿಸಿ ಅಕ್ಷಿಪಟಲವನ್ನು ನೇರವಾಗಿ ನೋಡಬೇಕು, ಇಲ್ಲವೇ ಅದರ ಚಿತ್ರ ತೆಗೆದು ಪರೀಕ್ಷಿಸಬೇಕು. ಹನಿ ಹಾಕಿದ ಮೇಲೆ ಕೆಲವು ಗಂಟೆಗಳ ಕಾಲ ಹತ್ತಿರದ್ದು ಮಂಜಾಗಿ ಕಾಣುತ್ತದೆ, ಬೆಳಕು ಚುಚ್ಚುತ್ತದೆ. ಅಂದು ವಾಹನ ಓಡಿಸದಿರುವುದು ಒಳ್ಳೆಯದು. ಲೇಸರ್ ಚಿಕಿತ್ಸೆಯ ಮುಖ್ಯ ಕೆಲಸ ಉಳಿದ ದೃಷ್ಟಿಯನ್ನು ಕಾಯುವುದೇ ಹೊರತು ಹೋದದ್ದನ್ನು ಮರಳಿ ತರುವುದಲ್ಲ. ಕಣ್ಣಿನೊಳಗೆ ಕೊಡುವ ಚುಚ್ಚುಮದ್ದಿನಿಂದ ಕೆಲವರ ದೃಷ್ಟಿ ಒಂದಿಷ್ಟು ಸುಧಾರಿಸುವುದುಂಟು, ಆದರೆ ಅದಕ್ಕೂ ಬೇಗ ಹೋಗಿರಬೇಕು.

ಮೂತ್ರಪಿಂಡದ ವಿಚಾರದಲ್ಲಿ ತಪ್ಪು ತಿಳಿವಳಿಕೆಗಳು ಹೆಚ್ಚು, ಹಾಗಾಗಿ ಸ್ವಲ್ಪ ವಿವರವಾಗಿ ಹೇಳಬೇಕು. ಮೂತ್ರ ಸರಾಗವಾಗಿ ಹೋಗುವುದಕ್ಕೂ ಮೂತ್ರಪಿಂಡ ಚೆನ್ನಾಗಿರುವುದಕ್ಕೂ ಸಂಬಂಧವಿಲ್ಲ. ಶೋಧಕಗಳು ಹಾಳಾಗತೊಡಗಿದಾಗ ರಕ್ತದಲ್ಲಿಯೇ ಉಳಿಯಬೇಕಾದ ಆಲ್ಬುಮಿನ್ ಎಂಬ ಪ್ರೋಟೀನು ಅತ್ಯಲ್ಪ ಪ್ರಮಾಣದಲ್ಲಿ ಮೂತ್ರಕ್ಕೆ ಸೋರುತ್ತದೆ. ಪಟ್ಟಿ ಅದ್ದಿ ನೋಡುವ ಸಾಧಾರಣ ಮೂತ್ರಪರೀಕ್ಷೆಗೆ ಅದು ಸಿಕ್ಕುವುದಿಲ್ಲ. ಆಲ್ಬುಮಿನ್–ಕ್ರಿಯಾಟಿನಿನ್ ಅನುಪಾತ ಎಂಬ ಪರೀಕ್ಷೆಯನ್ನೇ ಕೇಳಿ ಮಾಡಿಸಬೇಕು. ಕ್ರಿಯಾಟಿನಿನ್ ಎಂದರೆ ಸ್ನಾಯುಗಳಿಂದ ಬಂದು ಮೂತ್ರಪಿಂಡ ಹೊರಹಾಕುವ ಕಸ. ಒಂದು ಗ್ರಾಂ ಕ್ರಿಯಾಟಿನಿನ್‌ಗೆ 30 ಮಿಲಿಗ್ರಾಂಗಿಂತ ಕಡಿಮೆಯಿದ್ದರೆ ಸರಿ. ಹೆಚ್ಚಿದ್ದರೆ ಒಂದೇ ವರದಿ ನೋಡಿ ಗಾಬರಿಯಾಗುವುದು ಬೇಡ, ಏಕೆಂದರೆ ಜ್ವರ, ಮೂತ್ರದ ಸೋಂಕು, ಹಿಂದಿನ ದಿನದ ಕಠಿಣ ವ್ಯಾಯಾಮ ಇವುಗಳಿಂದಲೂ ಅದು ಏರುತ್ತದೆ. ಮೂರರಿಂದ ಆರು ತಿಂಗಳೊಳಗೆ ಮಾಡಿಸಿದ ಮೂರು ಪರೀಕ್ಷೆಗಳಲ್ಲಿ ಎರಡರಲ್ಲಾದರೂ ಹೆಚ್ಚಿದ್ದರೆ ಮಾತ್ರ ಖಚಿತವೆಂದು ಹೇಳುತ್ತಾರೆ. ರಕ್ತದ ಕ್ರಿಯಾಟಿನಿನ್ ಸರಿಯಾಗಿದೆ ಎಂದು ನೆಮ್ಮದಿಯಿಂದ ಇರುವವರು ಬಹಳ ಮಂದಿ, ಆದರೆ ಮೂತ್ರಪಿಂಡದ ಕೆಲಸ ಸಾಕಷ್ಟು ಕುಗ್ಗಿದ ಮೇಲೆಯೇ ಅದು ಏರುವುದರಿಂದ ಅದೊಂದನ್ನೇ ನಂಬುವಂತಿಲ್ಲ. ಆಲ್ಬುಮಿನ್ ಸೋರುವ ಹಂತದಲ್ಲಿಯೇ ತಿಳಿದರೆ ಮಾಡಬಹುದಾದದ್ದು ಬಹಳಷ್ಟಿದೆ. ರಾಮಿಪ್ರಿಲ್, ಟೆಲ್ಮಿಸಾರ್ಟಾನ್‌ನಂತಹ ರಕ್ತದೊತ್ತಡದ ಮಾತ್ರೆಗಳೂ ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್‌ನಂತಹ ಮಧುಮೇಹದ ಮಾತ್ರೆಗಳೂ ಮೂತ್ರಪಿಂಡದ ಕುಸಿತವನ್ನು ನಿಧಾನಗೊಳಿಸುತ್ತವೆ. ಇವನ್ನು ವೈದ್ಯರೇ ನಿರ್ಧರಿಸಿ ಕೊಡಬೇಕು. ವೈದ್ಯರನ್ನು ಕೇಳದೆ ನೋವಿನ ಮಾತ್ರೆಗಳನ್ನು ನುಂಗುತ್ತಾ ಹೋಗುವುದು ಇದಕ್ಕೆ ತದ್ವಿರುದ್ಧವಾದ ಕೆಲಸ.

ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕು. ಮೂತ್ರಪಿಂಡ ಸೋಲತೊಡಗಿದಾಗ ದೇಹದಿಂದ ಇನ್ಸುಲಿನ್ ಹೊರಹೋಗುವುದು ನಿಧಾನವಾಗುತ್ತದೆ. ಅದರಿಂದ ಹಿಂದೆ ಬೇಕಾಗುತ್ತಿದ್ದಷ್ಟು ಔಷಧವೇ ಈಗ ಹೆಚ್ಚಾಗಿ, ಸಕ್ಕರೆಯ ಮಟ್ಟ ತಾನಾಗಿಯೇ ಇಳಿಯುತ್ತದೆ. ಆಹಾರ, ತೂಕ, ವ್ಯಾಯಾಮ ಯಾವುದೂ ಬದಲಾಗದೆ ಸಕ್ಕರೆ ಇಳಿಯುತ್ತಿದ್ದರೆ ಕಾಯಿಲೆ ವಾಸಿಯಾಯಿತೆಂದು ಸಂತೋಷಪಡದೆ ತಕ್ಷಣ ವೈದ್ಯರಿಗೆ ತಿಳಿಸಬೇಕು. ಇನ್ಸುಲಿನ್ ಶುರುಮಾಡಿದವರಿಗೇ ಡಯಾಲಿಸಿಸ್ ಬರುತ್ತದೆ ಎಂಬ ಭಯವೂ ಇದೇ ರೀತಿಯ ತಪ್ಪು ತಿಳಿವಳಿಕೆ. ಬಹಳ ಕಾಲದ, ಹತೋಟಿ ತಪ್ಪಿದ ಮಧುಮೇಹಕ್ಕೆ ಇನ್ಸುಲಿನ್ನೂ ಬೇಕಾಗುತ್ತದೆ, ಅಂಥವರ ಮೂತ್ರಪಿಂಡವೂ ಸೋಲುತ್ತದೆ. ಎರಡಕ್ಕೂ ಕಾರಣ ಆ ಹಳೆಯ ಕಾಯಿಲೆಯೇ ಹೊರತು ಇನ್ಸುಲಿನ್ ಅಲ್ಲ. ಈ ಭಯದಿಂದ ಇನ್ಸುಲಿನ್ನನ್ನು ವರ್ಷಗಟ್ಟಲೆ ಮುಂದೂಡಿ, ತಡೆಯಬಹುದಾಗಿದ್ದ ಹಾನಿಯನ್ನು ಜನ ಬರಮಾಡಿಕೊಳ್ಳುವುದು ನಿಜಕ್ಕೂ ದುಃಖದ ಸಂಗತಿ.

ಕಾಲಿನಲ್ಲಿ ನೋವಿಲ್ಲ ಎಂದು ಬರೆದಿದ್ದೀರಿ. ಮಧುಮೇಹದಲ್ಲಿ ನೋವಿಲ್ಲದಿರುವುದೇ ಕೆಲವೊಮ್ಮೆ ತೊಂದರೆಯ ಗುರುತು. ದೇಹದ ಅತಿ ಉದ್ದದ ನರಗಳು ಮೊದಲು ಹಾಳಾಗುವುದರಿಂದ ಕಾಲ್ಬೆರಳ ತುದಿಯಿಂದ ಶುರುವಾಗಿ ಕಾಲುಚೀಲ ತೊಡುವಷ್ಟು ಭಾಗದ ಸ್ಪರ್ಶಜ್ಞಾನ ನಿಧಾನವಾಗಿ ಮಂಕಾಗುತ್ತದೆ. ಕೆಲವರಿಗೆ ಉರಿ, ಜೋಮು ಹಿಡಿಯುವುದು ಇರುತ್ತದೆ. ಅನೇಕರಿಗೆ ಏನೂ ಇರುವುದಿಲ್ಲ. ಪರೀಕ್ಷೆ ಬಹಳ ಸರಳವಾದದ್ದು. ನೀವು ಕಣ್ಣು ಮುಚ್ಚಿಕೊಂಡು ಮಲಗುತ್ತೀರಿ. ವೈದ್ಯರು 10 ಗ್ರಾಂ ಒತ್ತಡಕ್ಕೆ ಬಾಗುವ ನೈಲಾನ್ ಎಳೆಯೊಂದನ್ನು ಹೆಬ್ಬೆರಳಿನ ಕೆಳಗೆ, ಪಾದದ ಮುಂಭಾಗದಲ್ಲಿ ಒಂದೊಂದು ಕಡೆ ಅದು ಬಾಗುವವರೆಗೆ ಒತ್ತುತ್ತಾರೆ. ಮುಟ್ಟಿದ್ದು ಗೊತ್ತಾದಾಗಲೆಲ್ಲ ನೀವು ಹೇಳಬೇಕು. ಎಳೆ ಬಾಗಿದರೂ ನೀವು ಸುಮ್ಮನಿದ್ದರೆ ಆ ಜಾಗದ ರಕ್ಷಣೆ ಹೋಗಿದೆ ಎಂದೇ ಅರ್ಥ. ಚಪ್ಪಲಿಯೊಳಗೆ ಸೇರಿದ ಕಲ್ಲು ಇಡೀ ದಿನ ಚುಚ್ಚುತ್ತಿದ್ದರೂ ಅಲ್ಲಿ ತಿಳಿಯುವುದಿಲ್ಲ, ಸಂಜೆ ಚಪ್ಪಲಿ ಬಿಚ್ಚಿದಾಗ ರಕ್ತ ಕಂಡಮೇಲಷ್ಟೇ ಗಾಯ ಗೊತ್ತಾಗುತ್ತದೆ. ಅಂಥವರು ದಿನವೂ ಕನ್ನಡಿ ಇಟ್ಟುಕೊಂಡಾದರೂ ಅಂಗಾಲನ್ನೂ ಬೆರಳ ಸಂದುಗಳನ್ನೂ ನೋಡಿಕೊಳ್ಳಬೇಕು. ಆಣಿಯನ್ನು ತಾವೇ ಬ್ಲೇಡಿನಿಂದ ಕೊಯ್ದುಕೊಳ್ಳಬಾರದು, ಮರಗಟ್ಟಿದ ಪಾದಕ್ಕೆ ಬಿಸಿನೀರಿನ ಶಾಖ ಕೊಡಬಾರದು. ಬಹಳ ವರ್ಷ ಮೆಟ್‌ಫಾರ್ಮಿನ್ ತೆಗೆದುಕೊಂಡವರಲ್ಲಿ ಬಿ12 ಜೀವಸತ್ವದ ಕೊರತೆಯೂ ಪಾದಗಳನ್ನು ಮರಗಟ್ಟಿಸಬಹುದು. ಅದಕ್ಕೆ ಚಿಕಿತ್ಸೆ ಸುಲಭವಾದ್ದರಿಂದ ಒಮ್ಮೆ ನೋಡಿಸಿಕೊಳ್ಳುವುದು ಮೇಲು.

ಮಧುಮೇಹಿಗಳ ಜೀವಕ್ಕೆ ಹೆಚ್ಚಿನ ಅಪಾಯ ಬರುವುದು ಹೃದಯ ಮತ್ತು ಮಿದುಳಿನ ದೊಡ್ಡ ರಕ್ತನಾಳಗಳಿಂದ. ಹೃದಯಾಘಾತವಾದರೂ ಎದೆನೋವೇ ಬಾರದಿರುವುದು ಇವರಲ್ಲಿ ಹೆಚ್ಚು. ರಕ್ತದೊತ್ತಡ, ಕೊಲೆಸ್ಟರಾಲ್, ತಂಬಾಕು ಈ ಮೂರನ್ನು ಬಿಟ್ಟು ಸಕ್ಕರೆಯೊಂದನ್ನೇ ನೋಡಿಕೊಂಡರೆ ಈ ಅಪಾಯ ಸಾಕಷ್ಟು ತಗ್ಗುವುದಿಲ್ಲ.

ಇಷ್ಟೆಲ್ಲ ಓದಿ ತೊಡಕುಗಳು ಬಂದೇ ತೀರುತ್ತವೆ ಎಂದು ಭಾವಿಸಬೇಡಿ. ಅಮೆರಿಕ ಮತ್ತು ಕೆನಡಾದಲ್ಲಿ 1983ರಿಂದ 1993ರವರೆಗೆ ಟೈಪ್ 1 ಇರುವ 1441 ಮಂದಿಯ ಮೇಲೆ ನಡೆದ ಡಿಸಿಸಿಟಿ ಅಧ್ಯಯನದಲ್ಲಿ, ಸಕ್ಕರೆಯನ್ನು ಬಿಗಿಯಾಗಿ ಹತೋಟಿಯಲ್ಲಿಟ್ಟವರಲ್ಲಿ ಹೊಸದಾಗಿ ಕಣ್ಣಿನ ತೊಡಕು ಬರುವ ಅಪಾಯ 76 ಶೇಕಡಾ ಕಡಿಮೆಯಾಯಿತು. ಅಧ್ಯಯನ ಮುಗಿದ ಮೇಲೆ ಎರಡೂ ಗುಂಪುಗಳ ಸಕ್ಕರೆ ಹೆಚ್ಚುಕಡಿಮೆ ಒಂದೇ ಮಟ್ಟಕ್ಕೆ ಬಂದರೂ, ಮೊದಲಿನಿಂದ ಹತೋಟಿಯಲ್ಲಿದ್ದವರಿಗೆ ಅದರ ಲಾಭ ವರ್ಷಗಳವರೆಗೆ ಉಳಿಯಿತು. ರಕ್ತದ ಸಕ್ಕರೆಯ ಮೂರು ತಿಂಗಳ ಸರಾಸರಿ ತೋರಿಸುವ ಎಚ್‌ಬಿಎ1ಸಿ ಹೆಚ್ಚಿನ ವಯಸ್ಕರಲ್ಲಿ ಶೇಕಡಾ 7ರ ಆಸುಪಾಸಿನಲ್ಲಿರಬೇಕೆಂಬ ಗುರಿ ಇಂತಹ ಅಧ್ಯಯನಗಳಿಂದ ಬಂದದ್ದು. ವೃದ್ಧರಿಗೂ ಸಕ್ಕರೆ ಪದೇ ಪದೇ ಕುಸಿಯುವವರಿಗೂ ವೈದ್ಯರು ಈ ಗುರಿಯನ್ನು ಸಡಿಲಿಸುತ್ತಾರೆ. ಬಹುಕಾಲ ಏರಿದ್ದ ಸಕ್ಕರೆಯನ್ನು ಒಮ್ಮೆಲೇ ಇಳಿಸಿದಾಗ ಆಗಲೇ ಇರುವ ಅಕ್ಷಿಪಟಲದ ತೊಡಕು ತಾತ್ಕಾಲಿಕವಾಗಿ ಹೆಚ್ಚಬಹುದು, ಆದ್ದರಿಂದ ಚಿಕಿತ್ಸೆಯನ್ನು ಬಿಗಿಗೊಳಿಸುವ ಮೊದಲು ಕಣ್ಣು ತೋರಿಸಿಕೊಂಡಿರಬೇಕು. ಮಧುಮೇಹವಿದ್ದು ಗರ್ಭಿಣಿಯಾದವರು ಮೊದಲ ಮೂರು ತಿಂಗಳೊಳಗೇ ಕಣ್ಣಿನ ಪರೀಕ್ಷೆ ಮಾಡಿಸಿಕೊಳ್ಳಬೇಕು.

ವರ್ಷದ ಪರೀಕ್ಷೆಯ ದಿನಕ್ಕಾಗಿ ಕಾಯಬಾರದ ಸಂದರ್ಭಗಳೂ ಇವೆ. ಕಣ್ಣ ಮುಂದೆ ಹಠಾತ್ತನೆ ಕಪ್ಪು ಎಳೆಗಳು ತೇಲತೊಡಗಿದರೆ ಅಥವಾ ಪರದೆ ಇಳಿದಂತೆ ಕಂಡರೆ, ಪಾದದಲ್ಲಿ ಎಷ್ಟು ಚಿಕ್ಕದಾದರೂ ಹುಣ್ಣಾದರೆ, ನೋವಿಲ್ಲದೆ ಒಂದು ಪಾದ ಊದಿ ಕೆಂಪಾಗಿ ಮುಟ್ಟಿದರೆ ಬಿಸಿಯಾಗಿದ್ದರೆ, ಕಾರಣವಿಲ್ಲದೆ ಏದುಸಿರು ಬಂದು ಬೆವರಿದರೆ ಅಂದೇ ವೈದ್ಯರನ್ನು ಕಾಣಬೇಕು. ಇವುಗಳಲ್ಲಿ ಬಿಸಿಯಾಗಿ ಊದಿದ ಪಾದವನ್ನು ಉಳುಕೆಂದು ತಿಳಿದು ತಿಕ್ಕಿಸಿಕೊಂಡು ನಡೆದಾಡುವವರಿದ್ದಾರೆ. ಒಳಗೆ ಮೂಳೆಗಳೇ ಕುಸಿಯುತ್ತಿರಬಹುದು, ಆದ್ದರಿಂದ ವೈದ್ಯರು ನೋಡುವವರೆಗೆ ಆ ಕಾಲಿನ ಮೇಲೆ ಭಾರ ಹಾಕಬಾರದು.