ಕೊರಿಯಾ ಪಾಠ: ‘ಕಷ್ಟಪಟ್ಟರು, ಮೇಲೆ ಬಂದರು’ ಅಂದರೆ ಸಾಲದು

ಪ್ರೌಢಶಾಲೆಯ ಮಕ್ಕಳಿಗೆ ಈಗ ದಕ್ಷಿಣ ಕೊರಿಯಾ ದೂರದ ದೇಶವೇನಲ್ಲ. ಅಲ್ಲಿನ ಬಿಟಿಎಸ್ ತಂಡದ ಹಾಡುಗಳು ಬಾಯಲ್ಲಿವೆ. ಮನೆಯ ಟಿವಿ, ಫ್ರಿಜ್ ಮೇಲೆ ಅಲ್ಲಿನ ಕಂಪನಿಗಳ ಹೆಸರಿದೆ. ಗೌರಿಬಿದನೂರಿನಿಂದ ಗಡಿ ದಾಟಿ ಮುಂದೆ ಹೋದರೆ ಪೆನುಕೊಂಡದ ಹತ್ತಿರ ಕಿಯಾ ಕಾರುಗಳು ತಯಾರಾಗುತ್ತವೆ. ಹಾಗಾಗಿ ಸಮಾಜ ವಿಜ್ಞಾನದ ತರಗತಿಯಲ್ಲಿ ಕೊರಿಯಾ ಎಂದರೆ ಸಾಕು, ಹಿಂದಿನ ಬೆಂಚಿನವರೂ ತಲೆ ಎತ್ತುತ್ತಾರೆ.

ತೊಂದರೆ ಶುರುವಾಗುವುದು ಅದರ ನಂತರ. ಆ ದೇಶ ಇಷ್ಟು ಬೇಗ ಹೇಗೆ ಮುಂದೆ ಬಂತು ಅಂತ ಕೇಳಿದರೆ ‘ಅವರು ತುಂಬಾ ಕಷ್ಟಪಟ್ಟು ಕೆಲಸ ಮಾಡ್ತಾರೆ ಮೇಡಂ’ ಎಂಬ ಮಾತು ಬರುತ್ತದೆ. ಎಷ್ಟೋ ಪಾಠಗಳು ಅಲ್ಲಿಗೇ ಮುಗಿಯುತ್ತವೆ. ನಾನು ಅಲ್ಲಿ ನಿಲ್ಲಿಸುವುದಿಲ್ಲ. ಗಡಿಯ ಆಚೆ ಉತ್ತರ ಕೊರಿಯಾ ಇದೆ. ಅದೇ ಜನ, ಅದೇ ಭಾಷೆ, ಊಟಕ್ಕೆ ಅದೇ ಕಿಮ್ಚಿ ಉಪ್ಪಿನಕಾಯಿ. ಅವರೇನು ಸೋಮಾರಿಗಳಾ? ಯಾವ ಕಾರಣ ಹೇಳಿದರೂ ‘ಇದು ಉತ್ತರ ಕೊರಿಯಾದಲ್ಲೂ ಇತ್ತಾ?’ ಎಂದು ಕೇಳಿ ನೋಡಬೇಕು. ಇಡೀ ಪಾಠವನ್ನು ನಾನು ಈ ಒಂದು ಪ್ರಶ್ನೆಯ ಮೇಲೆ ಕಟ್ಟುತ್ತೇನೆ.

ಮೊದಲು ಭೂಪಟ. ಊರಿನ ಹೆಸರಿಲ್ಲದ, ಬರೀ ಬೆಟ್ಟ ಮತ್ತು ನದಿ ತೋರಿಸುವ ನಕ್ಷೆಯನ್ನು ಗುಂಪುಗಳಿಗೆ ಕೊಟ್ಟು, ರಾಜಧಾನಿ ಎಲ್ಲಿ ಕಟ್ಟುತ್ತೀರಿ, ಬಂದರು ಎಲ್ಲಿ ಮಾಡುತ್ತೀರಿ ಅಂತ ಕೇಳಿ. ತೈಬೆಕ್ ಬೆಟ್ಟಸಾಲು ಪೂರ್ವ ಕರಾವಳಿಗೆ ಅಂಟಿಕೊಂಡಿದೆ. ದೊಡ್ಡ ನದಿಗಳು ಪಶ್ಚಿಮಕ್ಕೂ ದಕ್ಷಿಣಕ್ಕೂ ಹರಿಯುತ್ತವೆ. ನಮ್ಮ ಪಶ್ಚಿಮ ಘಟ್ಟ ಮತ್ತು ಕಾವೇರಿ, ಕೃಷ್ಣೆ ಗೊತ್ತಿರುವ ಮಕ್ಕಳು ಇದು ತಿರುವುಮುರುವು ಎಂದು ತಾವೇ ಹೇಳುತ್ತಾರೆ. ಬಯಲು ಪಶ್ಚಿಮದಲ್ಲಿದೆ ಎಂದು ಗೊತ್ತಾದ ಮೇಲೆ ಹಾನ್ ನದಿಯ ದಂಡೆಯ ಮೇಲೆ ಸೋಲ್ ನಗರವನ್ನು ಹುಡುಕುವುದು ಕಷ್ಟವಲ್ಲ. ಬಂದರಿನ ಪ್ರಶ್ನೆ ಸ್ವಲ್ಪ ಕಠಿಣ. ಪಶ್ಚಿಮದ ಇಂಚೋನ್‌ನಲ್ಲಿ ಉಬ್ಬರ ಇಳಿತದ ನಡುವೆ ಸುಮಾರು 9 ಮೀಟರ್ ವ್ಯತ್ಯಾಸ ಬರುತ್ತದೆ, ಹಡಗು ನಿಲ್ಲಿಸುವುದು ಕಷ್ಟ. ಪೂರ್ವದಲ್ಲಿ ಸಮುದ್ರ ಆಳ, ಉಬ್ಬರ ತೀರಾ ಕಡಿಮೆ. ಉಕ್ಕಿನ ಪೊಹಾಂಗ್, ಹಡಗಿನ ಉಲ್ಸಾನ್, ದೊಡ್ಡ ಬಂದರು ಬೂಸಾನ್ ಎಲ್ಲವೂ ಆಗ್ನೇಯ ಮೂಲೆಯಲ್ಲಿ ಬೆಳೆದದ್ದಕ್ಕೆ ಇದೂ ಒಂದು ಕಾರಣ.

ಅಳತೆಯನ್ನೂ ಹೇಳಿ. ದಕ್ಷಿಣ ಕೊರಿಯಾ ಸುಮಾರು 1 ಲಕ್ಷ ಚದರ ಕಿ.ಮೀ. ಅಂದರೆ ಕರ್ನಾಟಕದ ಅರ್ಧದಷ್ಟು. ಅದರಲ್ಲೂ ನೂರಕ್ಕೆ ಹೆಚ್ಚುಕಮ್ಮಿ 70 ಭಾಗ ಬೆಟ್ಟಗುಡ್ಡ. ಜನ 5 ಕೋಟಿಗಿಂತ ಜಾಸ್ತಿ, ಅರ್ಧದಷ್ಟು ಮಂದಿ ಸೋಲ್ ಮತ್ತು ಅದರ ಸುತ್ತಮುತ್ತಲೇ.

ಸಂಸ್ಕೃತಿಗೆ ಬೇರೆ ಪೀರಿಯಡ್ ಇಡಬೇಡಿ. ಹನ್‌ಬೋಕ್ ಉಡುಪಿನ ಫೋಟೋ ತೋರಿಸಿ, ಒಂದು ಹಾಡು ಹಾಕಿ ಮುಗಿಸುವ ಪದ್ಧತಿ ನನಗೆ ಇಷ್ಟವಿಲ್ಲ. ಹವಾಮಾನದಿಂದಲೇ ಅದಕ್ಕೆ ದಾರಿ ಇದೆ. ಅಲ್ಲೂ ಮಳೆಗಾಲ ಉಂಟು, ಜೂನ್ ಕೊನೆಯಲ್ಲಿ ಶುರು. ಚಳಿಗಾಲದಲ್ಲಿ ಮಾತ್ರ ಸೈಬೀರಿಯಾ ಕಡೆಯಿಂದ ಕೊರೆಯುವ ಒಣ ಗಾಳಿ. ತಿಂಗಳುಗಟ್ಟಲೆ ಹೊಲದಲ್ಲಿ ಏನೂ ಬೆಳೆಯದಿದ್ದರೆ ತರಕಾರಿಗೆ ಏನು ಮಾಡಬೇಕು? ಚಳಿ ಬೀಳುವ ಮೊದಲು ಮನೆಯವರು, ನೆರೆಯವರು ಸೇರಿ ರಾಶಿ ರಾಶಿ ಎಲೆಕೋಸಿಗೆ ಉಪ್ಪು, ಖಾರ ಹಚ್ಚಿ ಜಾಡಿಗೆ ತುಂಬುತ್ತಿದ್ದರು. ಹೆಪ್ಪುಗಟ್ಟದಂತೆ ಜಾಡಿಗಳನ್ನು ನೆಲದಲ್ಲಿ ಹೂಳುತ್ತಿದ್ದರು. ಹೀಗೆ ಕಿಮ್ಚಿ ಹಾಕುವ ಕೆಲಸಕ್ಕೆ ಕಿಮ್ಜಾಂಗ್ ಎಂದು ಹೆಸರು. 2013ರಲ್ಲಿ ಯುನೆಸ್ಕೊ ಇದನ್ನು ತನ್ನ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. ಇನ್ನು ಒಂಡೋಲ್. ಒಲೆಯ ಬಿಸಿ ಹೊಗೆಯನ್ನು ನೆಲದ ಅಡಿಯ ಕಾಲುವೆಗಳಲ್ಲಿ ಹಾಯಿಸಿ ಮನೆ ಬೆಚ್ಚಗಿಡುವ ಏರ್ಪಾಡು. ಅವರು ನೆಲದ ಮೇಲೆ ಕೂತು ಊಟ ಮಾಡುವುದು, ಅಲ್ಲೇ ಮಲಗುವುದು ಯಾಕೆ ಅಂತ ಧಾರಾವಾಹಿ ನೋಡುವ ಮಕ್ಕಳಿಗೆ ಆಗ ಹೊಳೆಯುತ್ತದೆ.

ಹಂಗುಲ್ ಲಿಪಿಗೆ ಅರ್ಧ ಪೀರಿಯಡ್ ಕೊಡಿ. ದೊರೆ ಸೆಜೊಂಗ್ 1443ರಲ್ಲಿ ರೂಪಿಸಿ 1446ರಲ್ಲಿ ಜನರ ಮುಂದಿಟ್ಟ ಲಿಪಿ ಇದು. ಮೂಲ ಅಕ್ಷರಗಳು ಈಗ 24. ಸ್ವರ, ವ್ಯಂಜನ ಸೇರಿಸಿ ಒಂದೇ ಚೌಕದಲ್ಲಿ ಕೂರಿಸುತ್ತಾರೆ. ಕಾಗುಣಿತ ಕಲಿತ ನಮ್ಮ ಮಕ್ಕಳು ಬೇಗನೆ ತಮ್ಮ ಹೆಸರು ಬರೆದುಬಿಡುತ್ತಾರೆ.

ಈಗ ದೇಶ ಎರಡಾದ ಕಥೆ. 1910ರಿಂದ 1945ರವರೆಗೆ ಜಪಾನಿನ ಆಳ್ವಿಕೆ. ಆಮೇಲೆ 38ನೇ ಅಕ್ಷಾಂಶದ ಮೇಲೆ ಗೆರೆ. ಗಣಿ, ಭಾರಿ ಕಾರ್ಖಾನೆ, ಜಲವಿದ್ಯುತ್ತಿನ ದೊಡ್ಡ ಪಾಲು ಉತ್ತರಕ್ಕೆ ಹೋಯಿತು. ದಕ್ಷಿಣಕ್ಕೆ ಸಿಕ್ಕಿದ್ದು ಹೊಲ ಮತ್ತು ಹೆಚ್ಚು ಜನ. 1948ರ ಮೇ ತಿಂಗಳಲ್ಲಿ ಉತ್ತರದಿಂದ ಕರೆಂಟು ಬರುವುದೂ ನಿಂತಿತು. ಅಂದರೆ ಓಟ ಶುರುವಾದಾಗ ಮುಂದಿದ್ದದ್ದು ಉತ್ತರ. ಇದು ಗೊತ್ತಿಲ್ಲದೆ ಮುಂದಿನ ಪಾಠ ಅರ್ಥವಾಗುವುದಿಲ್ಲ.

1950ರಲ್ಲಿ ಯುದ್ಧ, 1953ರ ಜುಲೈ 27ರಂದು ಕದನ ವಿರಾಮ. ಇಲ್ಲಿ ನಮ್ಮವರೊಬ್ಬರನ್ನು ನೆನೆಯದೆ ಮುಂದೆ ಹೋಗಬಾರದು. ತಮ್ಮ ಕಡೆಗೆ ವಾಪಸ್ ಹೋಗಲೊಪ್ಪದ 22,000ಕ್ಕೂ ಹೆಚ್ಚು ಯುದ್ಧಕೈದಿಗಳನ್ನು ಏನು ಮಾಡುವುದು ಎಂಬ ಬಿಕ್ಕಟ್ಟು ಬಿಡಿಸಲು ತಟಸ್ಥ ದೇಶಗಳ ಆಯೋಗ ರಚನೆಯಾಯಿತು. ಅದರ ಅಧ್ಯಕ್ಷರಾಗಿದ್ದವರು ಕೊಡಗಿನ ಕೆ.ಎಸ್. ತಿಮ್ಮಯ್ಯ. ಕೈದಿಗಳನ್ನು ಕಾದವರು ಭಾರತೀಯ ಸೈನಿಕರು. ಮಡಿಕೇರಿಯಲ್ಲಿ ತಿಮ್ಮಯ್ಯನವರ ಮನೆ ‘ಸನ್ನಿಸೈಡ್’ ಈಗ ಮ್ಯೂಸಿಯಂ. ಕೊಡಗಿಗೆ ಪ್ರವಾಸ ಹೋಗುವ ಶಾಲೆಗಳು ಅಬ್ಬಿ ಜಲಪಾತದ ಜೊತೆ ಇದನ್ನೂ ಸೇರಿಸಿಕೊಳ್ಳಲಿ.

ಆರ್ಥಿಕತೆಗೆ ನಾನು ಚೀಟಿಗಳನ್ನು ಬಳಸುತ್ತೇನೆ. ವಿಗ್ಗು, ಪ್ಲೈವುಡ್, ಶರ್ಟು, ಉಕ್ಕು, ಹಡಗು, ಕಾರು, ಮೆಮೊರಿ ಚಿಪ್. ಯಾವುದು ಮೊದಲು ರಫ್ತಾಯಿತು ಅಂತ ಸಾಲಾಗಿ ಜೋಡಿಸಬೇಕು. ವಿಗ್ಗು ಮುಂದೆ ಬರುತ್ತದೆ ಎಂದು ಹೆಚ್ಚಿನವರು ನಂಬುವುದೇ ಇಲ್ಲ. 1964ರಲ್ಲಿ ರಫ್ತು 10 ಕೋಟಿ ಡಾಲರ್ ಮುಟ್ಟಿದ್ದೇ ದೊಡ್ಡ ಹಬ್ಬ. 1977ಕ್ಕೆ ಅದು 1,000 ಕೋಟಿ ಡಾಲರ್.

ಪ್ರತಿ ಚೀಟಿಗೂ ಕೇಳಿ: ದುಡ್ಡು ಯಾರು ಕೊಟ್ಟರು, ಕೊಂಡವರು ಯಾರು, ದುಡಿದವರು ಯಾರು? ಪೊಹಾಂಗ್ ಉಕ್ಕಿನ ಕಾರ್ಖಾನೆಗೆ 1965ರ ಒಪ್ಪಂದದಂತೆ ಜಪಾನ್ ಕೊಟ್ಟ ಹಣದ ಒಂದು ಭಾಗ ಹೋಯಿತು. 1961ರಲ್ಲಿ ಸೇನಾ ದಂಗೆಯಿಂದ ಅಧಿಕಾರ ಹಿಡಿದ ಪಾರ್ಕ್ ಚುಂಗ್ ಹೀ ಬ್ಯಾಂಕುಗಳನ್ನು ಸರ್ಕಾರದ ಕೈಗೆ ತೆಗೆದುಕೊಂಡರು. ರಫ್ತಿನ ಗುರಿ ಮುಟ್ಟಿದ ಕಂಪನಿಗೆ ಅಗ್ಗದ ಸಾಲ. ಅಂಥ ಕಂಪನಿಗಳೇ ಬೆಳೆದು ಚೇಬೋಲ್ ಎಂಬ ದೈತ್ಯ ಕುಟುಂಬ ಸಂಸ್ಥೆಗಳಾದವು. ಸರಕು ಕೊಂಡದ್ದರಲ್ಲಿ ಅಮೆರಿಕದ್ದು ದೊಡ್ಡ ಪಾಲು.

ಭೂ ಸುಧಾರಣೆಯನ್ನು ಬಿಡಲೇಬೇಡಿ. 1950ರ ಹೊತ್ತಿಗೆ ದಕ್ಷಿಣದಲ್ಲಿ ಒಂದು ಕುಟುಂಬಕ್ಕೆ ಸುಮಾರು 3 ಹೆಕ್ಟೇರ್ ಮಿತಿ ಬಂತು. ಗೇಣಿದಾರರು ಒಡೆಯರಾದರು, ಅವರ ಮಕ್ಕಳು ಶಾಲೆಗೆ ಹೋದರು. ಇದೇ ಕಾರಣ ಎಂದು ಬರೆದುಕೊಳ್ಳುವಷ್ಟರಲ್ಲಿ ನಮ್ಮ ಪ್ರಶ್ನೆ ಕೇಳಿ. ಉತ್ತರ ಕೊರಿಯಾ 1946ರಲ್ಲೇ ಜಮೀನು ಹಂಚಿತ್ತಲ್ಲ! ನಿಜ, ಆದರೆ ಆ ಹೊಲಗಳು ಮುಂದಿನ ದಶಕದಲ್ಲಿ ಸಾಮೂಹಿಕ ಬೇಸಾಯಕ್ಕೆ ಸೇರಿಹೋದವು. ಒಂದೇ ಕಾರಣ ಸಾಲುವುದಿಲ್ಲ, ಕಾರಣಗಳು ಒಂದಕ್ಕೊಂದು ಹೇಗೆ ಹೆಣೆದುಕೊಂಡವು ಎಂದು ನೋಡಬೇಕು ಅಂತ ಮಕ್ಕಳಿಗೆ ತಿಳಿಯುವುದು ಇಲ್ಲೇ.

ದುಡಿದವರ ವಿಷಯಕ್ಕೆ ಬಂದಾಗ ಜೊನ್ ತೇ ಇಲ್ ಬಗ್ಗೆ ಹೇಳುತ್ತೇನೆ. ಸೋಲ್‌ನ ಪ್ಯೊಂಗ್‌ಹ್ವಾ ಮಾರುಕಟ್ಟೆಯಲ್ಲಿ ಬಟ್ಟೆ ಕತ್ತರಿಸುತ್ತಿದ್ದ ಹುಡುಗ. ಸುತ್ತ ಹದಿನೈದರ ಆಸುಪಾಸಿನ ಹುಡುಗಿಯರು ನೆಟ್ಟಗೆ ನಿಲ್ಲಲೂ ಆಗದ ಅಟ್ಟಗಳಲ್ಲಿ ಬೆಳಗಿನಿಂದ ರಾತ್ರಿವರೆಗೆ ಹೊಲಿಯುತ್ತಿದ್ದರು. ಕಾರ್ಮಿಕ ಕಾನೂನು ಪುಸ್ತಕದಲ್ಲಿತ್ತು, ಪಾಲಿಸುವವರಿರಲಿಲ್ಲ. 1970ರ ನವೆಂಬರ್ 13ರಂದು, 22ನೇ ವಯಸ್ಸಿನಲ್ಲಿ, ‘ನಾವು ಯಂತ್ರಗಳಲ್ಲ’ ಎಂದು ಕೂಗುತ್ತಾ ಆತ ಮೈಗೆ ಬೆಂಕಿ ಹಚ್ಚಿಕೊಂಡು ಪ್ರಾಣ ಬಿಟ್ಟ. ಹದಿಹರೆಯದವರ ಮುಂದೆ ಇದನ್ನು ಎಚ್ಚರದಿಂದ ಹೇಳಬೇಕು. ಸಾವಿನ ವಿವರಕ್ಕೆ ಹೋಗದೆ, ಆತ ಅದಕ್ಕೂ ಮೊದಲು ಸಹ ಕಾರ್ಮಿಕರ ಸಮೀಕ್ಷೆ ಮಾಡಿದ್ದು, ಸರ್ಕಾರಕ್ಕೆ ಮನವಿ ಕೊಟ್ಟದ್ದನ್ನು ಹೆಚ್ಚು ಹೇಳಿ. ನಮ್ಮ ತರಗತಿಯಲ್ಲಿ ಗಾರ್ಮೆಂಟ್ಸ್‌ಗೆ ಹೋಗುವ ತಾಯಂದಿರ ಮಕ್ಕಳಿದ್ದಾರೆ. ಓಟಿ ಕೊಡ್ತಿದ್ರಾ, ಪಿಎಫ್ ಇತ್ತಾ ಅಂತ ಕೇಳುವವರು ಅವರೇ.

ಹಾಗಾದರೆ ಬೆಳೆಯಲು ಸರ್ವಾಧಿಕಾರಿ ಬೇಕು ಅಲ್ವಾ ಎಂದು ಯಾರಾದರೂ ಕೇಳೇ ಕೇಳುತ್ತಾರೆ. ಸರ್ವಾಧಿಕಾರ ಉತ್ತರದಲ್ಲೂ ಇತ್ತು, ಈಗಲೂ ಇದೆ. ದಕ್ಷಿಣದವರು 1980ರಲ್ಲಿ ಗ್ವಾಂಗ್ಜು ನಗರದಲ್ಲಿ ಸೇನೆಯ ಗುಂಡೇಟು ತಿಂದು, 1987ರಲ್ಲಿ ಬೀದಿಗಿಳಿದು ಪ್ರಜಾಪ್ರಭುತ್ವ ಗಳಿಸಿಕೊಂಡರು. ಅದರ ನಂತರವೂ ದೇಶ ಬೆಳೆಯುತ್ತಲೇ ಹೋಯಿತು.

ಇವತ್ತಿನ ಕೊರಿಯಾವನ್ನೂ ತೋರಿಸಿ. 2023ರಲ್ಲಿ ಒಬ್ಬ ಮಹಿಳೆಗೆ ಸರಾಸರಿ 0.72 ಮಗು. ಹಳ್ಳಿ ಶಾಲೆಗಳು ಮುಚ್ಚುತ್ತಿವೆ. ನವೆಂಬರಿನ ಕಾಲೇಜು ಪ್ರವೇಶ ಪರೀಕ್ಷೆಯ ದಿನ, ಇಂಗ್ಲಿಷ್ ಆಲಿಸುವ ಪ್ರಶ್ನೆಗಳ ಹೊತ್ತಿಗೆ ವಿಮಾನಗಳೂ ಏರಿಳಿಯುವುದಿಲ್ಲ.

ಕೊನೆಗೆ ನಾನು ಇಡುವ ಪ್ರಶ್ನೆ ಐದು ಅಂಕದ್ದು. ದಕ್ಷಿಣ ಕೊರಿಯಾ ಮುಂದೆ ಬರಲು ನಿಮಗೆ ಮುಖ್ಯ ಅನಿಸಿದ ಎರಡು ಕಾರಣ ಬರೆಯಿರಿ, ಅವು ಉತ್ತರ ಕೊರಿಯಾದಲ್ಲಿ ಇದ್ದವೇ ಎಂದು ಪರಿಶೀಲಿಸಿ, ಅದಕ್ಕಾಗಿ ಕಷ್ಟ ಅನುಭವಿಸಿದವರು ಯಾರು ಎಂದು ಹೇಳಿ. ಕಾರಣಗಳಿಗೆ ಎರಡು ಅಂಕ, ಪರಿಶೀಲನೆಗೆ ಎರಡು, ಕೊನೆಯ ಭಾಗಕ್ಕೆ ಒಂದು.