ಪದ ಪರಿಚಯ: ಪಾಲಿಮರ್ ಕ್ಲೇ

ತುಮಕೂರಿನ ಸ್ಟೇಷನರಿ ಅಂಗಡಿಗಳಲ್ಲಿ ಬರೀ ‘ಕ್ಲೇ’ ಎಂದು ಕೇಳಿದರೆ ಮೂರು ಬಗೆಯ ವಸ್ತುಗಳಲ್ಲಿ ಯಾವುದಾದರೂ ಒಂದು ಕೈಗೆ ಬರಬಹುದು. ಮಕ್ಕಳು ಆಡಿ ಮತ್ತೆ ಡಬ್ಬಿಗೆ ತುಂಬಿಡುವ ಬಣ್ಣದ ಕ್ಲೇ ಒಂದು. ಗಾಳಿಯಲ್ಲಿ ಇಟ್ಟರೆ ಒಂದೆರಡು ದಿನಗಳಲ್ಲಿ ಒಣಗಿ ಗಟ್ಟಿಯಾಗುವ ಏರ್ ಡ್ರೈ ಕ್ಲೇ ಇನ್ನೊಂದು. ಓವನ್‌ನಲ್ಲಿ ಕಾಯಿಸಿದಾಗ ಮಾತ್ರ ಗಟ್ಟಿಯಾಗುವ ಪಾಲಿಮರ್ ಕ್ಲೇ ಮೂರನೆಯದು. ಕಿವಿಯೋಲೆ, ಕೀ ಚೈನ್, ಫ್ರಿಜ್ ಮ್ಯಾಗ್ನೆಟ್ ಮಾಡುವವರಿಗೆ, ದಸರಾ ಗೊಂಬೆಗಳ ಮುಂದೆ ಪುಟಾಣಿ ತಿಂಡಿ ತಟ್ಟೆಗಳನ್ನು ಜೋಡಿಸುವವರಿಗೆ ಬೇಕಾಗಿರುವುದು ಈ ಮೂರನೆಯದು. ಅಂಗಡಿಯವರು ‘ಅದೂ ಕ್ಲೇನೇ ಅಕ್ಕಾ, ತಗೊಳ್ಳಿ’ ಎಂದು ಏರ್ ಡ್ರೈ ಪ್ಯಾಕೆಟ್ಟನ್ನು ಕೊಡುವುದೇ ಹೆಚ್ಚು. ಆದ್ದರಿಂದ ಓವನ್‌ನ ಉಷ್ಣಾಂಶ ಮತ್ತು ಸಮಯ ಪ್ಯಾಕೆಟ್ಟಿನ ಮೇಲೆ ಅಚ್ಚಾಗಿದೆಯೇ ಎಂದು ನೋಡಿ ತೆಗೆದುಕೊಳ್ಳುವುದು ಒಳ್ಳೆಯದು.

ಪಾಲಿಮರ್ ಕ್ಲೇಯ ಮೂಲದ್ರವ್ಯ ಜೇಡಿಮಣ್ಣಲ್ಲ, ನೀರಿನ ಪೈಪುಗಳನ್ನು ಮಾಡಲು ಬಳಸುವ ಪಿವಿಸಿ ಎಂಬ ಪ್ಲಾಸ್ಟಿಕ್. ಅದರ ಅತಿ ಸಣ್ಣ ಕಣಗಳನ್ನು ಪ್ಲಾಸ್ಟಿಸೈಸರ್ ಎಂಬ ಎಣ್ಣೆಯಂಥ ದ್ರವದಲ್ಲಿ ಕಲಸಿ, ಬಣ್ಣವನ್ನೂ ಮೈ ತುಂಬಿಸುವ ಕೆಲವು ಪುಡಿಗಳನ್ನೂ ಸೇರಿಸಿದಾಗ ಬೆರಳಿಗೆ ಬಗ್ಗುವ ಮೆತ್ತನೆಯ ವಸ್ತು ಸಿದ್ಧವಾಗುತ್ತದೆ. ಇದರಲ್ಲಿ ಆರಿಹೋಗಲು ನೀರೇ ಇಲ್ಲವಾದ್ದರಿಂದ ಗಾಳಿಯಲ್ಲಿ ಇಟ್ಟ ಮಾತ್ರಕ್ಕೆ ಇದು ಗಟ್ಟಿಯಾಗುವುದಿಲ್ಲ. ವಾರಗಟ್ಟಲೆ ಮೇಜಿನ ಮೇಲೆ ಬಿಟ್ಟರೂ ಧೂಳು ಹಿಡಿಯುತ್ತದೆಯೇ ಹೊರತು ಒಣಗುವುದಿಲ್ಲ.

ಕುಂಬಾರರ ಮಣ್ಣಿನ ದಾರಿಯೇ ಬೇರೆ. ಅದರಲ್ಲಿ ಮೊದಲು ನೀರು ಆರುತ್ತದೆ, ಬಳಿಕ ಆವಿಗೆಯಲ್ಲಿ ನೂರಾರು ಡಿಗ್ರಿ ಶಾಖಕ್ಕೆ ಮಣ್ಣಿನ ಖನಿಜಗಳೇ ಬದಲಾಗಿ, ಮತ್ತೆ ನೀರಿನಲ್ಲಿ ಕರಗಿ ಮೆತ್ತಗಾಗದ ಮಡಕೆಯಾಗುತ್ತದೆ. ಪಾಲಿಮರ್ ಕ್ಲೇಗೆ ಆಗುವುದನ್ನು ಅರಿಯಲು ರಾಗಿಮುದ್ದೆಯನ್ನು ನೆನಪಿಸಿಕೊಳ್ಳಬಹುದು: ಬಿಸಿಯೇರಿದಂತೆ ಹಿಟ್ಟಿನ ಕಣಗಳು ನೀರನ್ನು ಹೀರಿ ಉಬ್ಬಿ ಒಂದಕ್ಕೊಂದು ಅಂಟಿಕೊಳ್ಳುವ ಹಾಗೆಯೇ ಇಲ್ಲಿ ಪಿವಿಸಿ ಕಣಗಳು ಸುತ್ತಲಿನ ಪ್ಲಾಸ್ಟಿಸೈಸರನ್ನು ಹೀರಿ, ಉಬ್ಬಿ, ಕೊನೆಗೆ ಎಲ್ಲೆ ಅಳಿಸಿಕೊಂಡು ಒಂದೇ ತುಂಡಾಗಿ ಬೆಸೆಯುತ್ತವೆ. ಈ ಬೆಸುಗೆಯನ್ನೇ ಕ್ಯೂರಿಂಗ್ ಎನ್ನುತ್ತಾರೆ. ದ್ರವ ಹೊರಗೆ ಹೋಗದೆ ಒಳಗೇ ಸೇರಿಹೋಗುವುದರಿಂದ ವಸ್ತು ಕುಗ್ಗುವುದು ತೀರ ಕಡಿಮೆ, ಒಣಗುವ ಮಣ್ಣಿನಲ್ಲಿ ಕಾಣುವ ಬಿರುಕುಗಳ ಕಾಟವೂ ಅಷ್ಟಿಲ್ಲ.

ಇದರ ಇತಿಹಾಸ ಚಿಕ್ಕದು. ಜರ್ಮನಿಯ ಗೊಂಬೆ ತಯಾರಕಿ ಕೇಥೆ ಕ್ರೂಸೆ ಅವರ ಮಗಳು, ಮನೆಯಲ್ಲಿ ಫಿಫಿ ಎನಿಸಿಕೊಂಡಿದ್ದವರು, ರೂಪಿಸಿದ ಮಿಶ್ರಣವನ್ನು 1964ರಲ್ಲಿ ಎಬರ್‌ಹಾರ್ಡ್ ಫೇಬರ್ ಕಂಪನಿ ಕೊಂಡು ಫೀಮೋ ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ತಂದಿತು. ಇಂದು ಅದು ಸ್ಟೆಡ್ಲರ್ ಕಂಪನಿಯ ಉತ್ಪನ್ನ. ಅಮೆರಿಕದ ಸ್ಕಲ್ಪಿಯೂ ಅಷ್ಟೇ ಹೆಸರುವಾಸಿ.

ಈ ಕೆಲಸದ ಸೋಲು ಗೆಲುವು ನಿಂತಿರುವುದು ಕೈಚಳಕಕ್ಕಿಂತ ಹೆಚ್ಚಾಗಿ ಶಾಖದ ಲೆಕ್ಕಾಚಾರದ ಮೇಲೆ. ಫೀಮೋಗೆ 110 ಡಿಗ್ರಿ ಸೆಲ್ಸಿಯಸ್‌ನಲ್ಲಿ 30 ನಿಮಿಷ, ಸ್ಕಲ್ಪಿಯದೇ ಒಂದು ಬಗೆಯಾದ ಪ್ರೀಮೋಗೆ ಸುಮಾರು 130 ಡಿಗ್ರಿಯಲ್ಲಿ ಪ್ರತಿ 6 ಮಿಲಿಮೀಟರ್ ದಪ್ಪಕ್ಕೆ 30 ನಿಮಿಷ, ಹೀಗೆ ಒಂದೊಂದು ಬ್ರ್ಯಾಂಡಿಗೆ ಒಂದೊಂದು ನಿಯಮವಿದೆ. ದಪ್ಪದ ಮಾತು ಬರುವುದೇಕೆಂದರೆ, ಶಾಖ ಹೊರಮೈಯಿಂದ ನಡುವಿನವರೆಗೆ ಇಳಿಯಲು ಹೊತ್ತು ಹಿಡಿಯುತ್ತದೆ. ನಡುವಿನ ಕಣಗಳು ಬೆಸೆಯುವ ಮೊದಲೇ ಹೊರತೆಗೆದ ಓಲೆ ಮೇಲ್ನೋಟಕ್ಕೆ ಸರಿಯಾಗಿಯೇ ಕಂಡರೂ ಕೆಲವು ದಿನಗಳಲ್ಲಿ ಕೊಕ್ಕೆಯ ಬಳಿ ಪಟ್ಟನೆ ಮುರಿಯುತ್ತದೆ. ನಿಗದಿತ ಉಷ್ಣಾಂಶದಲ್ಲೇ ಇನ್ನಷ್ಟು ಹೊತ್ತು ಇಟ್ಟರೆ ಹಾನಿಯಿಲ್ಲ, ಉಷ್ಣಾಂಶವನ್ನೇ ಏರಿಸಿದರೆ ಹಾನಿಯಿದೆ. ಬೇಯುವ ನಡುವೆ ಕರೆಂಟು ಹೋದರೂ ಕೆಲಸ ಕೆಡುವುದಿಲ್ಲ. ಬಂದ ಮೇಲೆ ಪೂರ್ತಿ ಸಮಯ ಮತ್ತೊಮ್ಮೆ ಇಟ್ಟರಾಯಿತು. ಬೇಸಿಗೆಯಲ್ಲಿ ಲೋಡ್ ಶೆಡ್ಡಿಂಗ್ ಬಲ್ಲ ನಮ್ಮ ಕಡೆಯವರಿಗೆ ಇದು ಸಣ್ಣ ಅನುಕೂಲವೇನಲ್ಲ.

ಕೇಕ್ ಮಾಡಲೆಂದು ಮನೆಗೆ ತಂದ ಓಟಿಜಿಯನ್ನೇ (ಓವನ್, ಟೋಸ್ಟರ್, ಗ್ರಿಲ್ ಮೂರೂ ಆಗುವ ಪುಟ್ಟ ವಿದ್ಯುತ್ ಒಲೆ) ಬಹಳ ಮಂದಿ ಇದಕ್ಕೂ ಬಳಸುತ್ತಾರೆ. ಅದರ ಗುಂಡಿಯ ಮೇಲೆ ಬರೆದ ಅಂಕಿಗೂ ಒಳಗಿನ ನಿಜವಾದ ಬಿಸಿಗೂ ಹತ್ತಿಪ್ಪತ್ತು ಡಿಗ್ರಿ ವ್ಯತ್ಯಾಸ ಇರುವುದು ಸಾಮಾನ್ಯ. ಚಿಕ್ಕ ಓಟಿಜಿಯಲ್ಲಿ ಕಾಯುವ ಸರಳುಗಳು ತೀರ ಹತ್ತಿರವಿರುವುದರಿಂದ ಮೇಲ್ಮೈ ಕಂದುವ ಅಪಾಯವೂ ಹೆಚ್ಚು. ಒಳಗಿಡುವ ಪುಟ್ಟ ಓವನ್ ಥರ್ಮಾಮೀಟರ್ ಒಂದನ್ನು ಕೊಳ್ಳುವುದು ಹತ್ತು ಬಣ್ಣದ ಕ್ಲೇ ಕೊಳ್ಳುವುದಕ್ಕಿಂತ ಮುಖ್ಯವೆಂದು ನನ್ನ ಎಣಿಕೆ. ವಸ್ತುಗಳನ್ನು ಸೆರಾಮಿಕ್ ಟೈಲ್ ಮೇಲೆ ಜೋಡಿಸಿ, ಮೇಲೆ ಅಲ್ಯೂಮಿನಿಯಂ ಫಾಯಿಲನ್ನು ಡೇರೆಯಂತೆ ಮುಚ್ಚಿ, ನಡು ಅಂತಸ್ತಿನಲ್ಲಿಡಬೇಕು. ಮೈಕ್ರೋವೇವ್ ಕಿರಣದಲ್ಲಿ ಇದನ್ನು ಬೇಯಿಸಕೂಡದು. ಅದೇ ಯಂತ್ರದಲ್ಲಿ ಬಿಸಿಗಾಳಿಯಿಂದ ಬೇಯಿಸುವ ಕನ್ವೆಕ್ಷನ್ ವಿಧಾನ ಆಗಬಹುದು. ಶಾಖ ಮಿತಿಮೀರಿ ಕ್ಲೇ ಸುಟ್ಟರೆ ಪಿವಿಸಿ ಒಡೆದು ಹೈಡ್ರೋಜನ್ ಕ್ಲೋರೈಡ್ ಎಂಬ ಘಾಟು ಅನಿಲ ಹೊರಬರುತ್ತದೆ. ಆಗ ಓವನ್ ಆರಿಸಿ, ಕಿಟಕಿ ಬಾಗಿಲು ತೆರೆದು, ವಾಸನೆ ಹೋಗುವವರೆಗೆ ಹೊರಗಿರಬೇಕು.

ಓವನ್‌ನಿಂದ ತೆಗೆದ ತಕ್ಷಣ ತುಂಡು ಇನ್ನೂ ಮೆತ್ತಗೇ ಇರುತ್ತದೆ. ಇದನ್ನು ಕಂಡು ಬೆಂದಿಲ್ಲವೆಂದು ಗುಂಡಿಯನ್ನು 180ಕ್ಕೆ ತಿರುಗಿಸುವವರಿದ್ದಾರೆ, ಸುಟ್ಟ ಕ್ಲೇಯ ಕಥೆಗಳಲ್ಲಿ ಬಹುಪಾಲು ಶುರುವಾಗುವುದು ಅಲ್ಲಿಂದಲೇ. ಪೂರ್ತಿ ತಣ್ಣಗಾದ ಮೇಲೆಯೇ ಪರೀಕ್ಷಿಸಬೇಕು: ತೆಳ್ಳನೆಯ ಹಾಳೆಯಂತೆ ಮಾಡಿ ಜೊತೆಯಲ್ಲಿ ಬೇಯಿಸಿದ ಚೂರು ಬಾಗಿದರೆ ಬೆಂದಿದೆ, ಬಿಸ್ಕತ್ತಿನ ಹಾಗೆ ಪುಡಿಯಾದರೆ ಇಲ್ಲ.

ಬೇಯಿಸುವ ಮೊದಲಿನ ಕೆಲಸಗಳಲ್ಲಿ ನೋಡಲು ಸೊಗಸಾದದ್ದು ಕೇನ್ ಎಂಬ ವಿಧಾನ. ಇಟಲಿಯ ಗಾಜಿನ ಕೆಲಸಗಾರರಿಂದ ಬಂದ ಈ ತಂತ್ರದಲ್ಲಿ ಬಣ್ಣಗಳನ್ನು ಉದ್ದನೆಯ ಕೋಲಿನಲ್ಲಿ ಹೇಗೆ ಜೋಡಿಸುತ್ತೇವೆಯೋ ಅದೇ ಚಿತ್ರ ಕೊಯ್ದ ಪ್ರತಿ ಬಿಲ್ಲೆಯಲ್ಲೂ ಮೂಡುತ್ತದೆ. ಗುಬ್ಬಿ, ಚಿಕ್ಕನಾಯಕನಹಳ್ಳಿ ಕಡೆಯ ತೋಟಗಳನ್ನು ಕಂಡವರಿಗೆ ಇದಕ್ಕೆ ಅಡಿಕೆಗಿಂತ ಒಳ್ಳೆಯ ಮಾದರಿ ಸಿಗದು. ಕೊಯ್ದ ಅಡಿಕೆಯ ಮುಖದಲ್ಲಿ ಬಿಳಿಯ ತಿರುಳಿನೊಳಕ್ಕೆ ಅಂಚಿನಿಂದ ಕಂದು ಗೆರೆಗಳು ಸೊಟ್ಟಸೊಟ್ಟಗೆ ಇಳಿದಿರುತ್ತವೆ. ಹಾಲುಬಿಳುಪಿನ ಕೋಲನ್ನು ಉದ್ದಕ್ಕೆ ಆರೇಳು ಹೋಳು ಮಾಡಿ, ಹೋಳುಗಳ ನಡುವೆ ಕಾಗದದಷ್ಟು ತೆಳುವಾಗಿ ಲಟ್ಟಿಸಿದ ಕಂದು ಹಾಳೆಗಳನ್ನು ನಡುವನ್ನು ಮುಟ್ಟದಂತೆ ಸಿಕ್ಕಿಸಿ, ಹೊರಗೊಂದು ಕಂದು ಹೊದಿಕೆ ಸುತ್ತಬೇಕು. ಹೋಳುಗಳು ಒಂದೇ ಅಳತೆಯಲ್ಲಿದ್ದರೆ ಅದು ಚಕ್ರವಾಗುತ್ತದೆ, ಅಡಿಕೆಯಾಗುವುದಿಲ್ಲ. ಸಂದು ಉಳಿಯದಂತೆ ಸುತ್ತಲೂ ಒತ್ತಿ ಹೊಸೆದಷ್ಟೂ ಕೋಲು ಸಣ್ಣದಾಗುತ್ತದೆ, ಒಳಗಿನ ಚಿತ್ರವೂ ಅದರ ಜೊತೆಗೇ ಕಿರಿದಾಗುತ್ತದೆ. ಪೆನ್ಸಿಲ್ ದಪ್ಪಕ್ಕೆ ಬಂದ ಮೇಲೆ ಸ್ವಲ್ಪ ಹೊತ್ತು ಫ್ರಿಜ್‌ನಲ್ಲಿಟ್ಟು, ಹೊಸ ಬ್ಲೇಡಿನಿಂದ ಕೊಯ್ದರೆ ಗೆರೆಗಳು ಕಲಸದೆ ಗೊಂಬೆಯ ತಾಂಬೂಲದ ತಟ್ಟೆಗೆ ತಕ್ಕ ಹೋಳುಗಳು ಸಿಗುತ್ತವೆ.

ಹಸಿ ಕ್ಲೇಯನ್ನು ತಂಪಾದ ಜಾಗದಲ್ಲಿ ಇಡಬೇಕು. ಏಪ್ರಿಲ್, ಮೇ ತಿಂಗಳಲ್ಲಿ ಸ್ಕೂಟರ್ ಡಿಕ್ಕಿಯಲ್ಲಿ ಮರೆತ ಪ್ಯಾಕೆಟ್ ಅರೆಬೆಂದು ಪುಡಿಪುಡಿಯಾಗುವುದುಂಟು. ಕಾಗದದಲ್ಲಿ ಸುತ್ತಿದರೆ ಕಾಗದ ಪ್ಲಾಸ್ಟಿಸೈಸರನ್ನು ಹೀರುತ್ತದೆ, ಪೆಡಸಾದ ಪಾರದರ್ಶಕ ಪಾಲಿಸ್ಟೈರೀನ್ ಡಬ್ಬಿಯಲ್ಲಿಟ್ಟರೆ ಡಬ್ಬಿಯೇ ಕರಗಿ ಕ್ಲೇಗೆ ಅಂಟುತ್ತದೆ. ತಳದಲ್ಲಿ 5 ಎಂಬ ಅಂಕಿಯಿರುವ ಪಾಲಿಪ್ರೊಪಿಲೀನ್ ಡಬ್ಬಿ ಸುರಕ್ಷಿತ. ಮಕ್ಕಳ ಆಟಿಕೆಗಳಲ್ಲಿ ಥ್ಯಾಲೇಟ್ ಬಗೆಯ ಪ್ಲಾಸ್ಟಿಸೈಸರ್‌ಗಳಿಗೆ ಐರೋಪ್ಯ ಒಕ್ಕೂಟವೂ ಅಮೆರಿಕವೂ ಮಿತಿ ಹಾಕಿದ ಮೇಲೆ ಪ್ರಮುಖ ತಯಾರಕರು ಅವನ್ನು ಕೈಬಿಟ್ಟಿದ್ದಾರೆ, ಹೆಸರಿಲ್ಲದ ಅಗ್ಗದ ಪ್ಯಾಕೆಟ್ಟುಗಳ ಬಗ್ಗೆ ಆ ಭರವಸೆ ಇಲ್ಲ. ಯಾವುದೇ ಬ್ರ್ಯಾಂಡ್ ಆಗಲಿ, ಕ್ಲೇಗೆ ಬಳಸಿದ ಲಟ್ಟಣಿಗೆ, ಚಾಕು, ತಟ್ಟೆಗಳು ಅಡುಗೆಗೆ ಮರಳಬಾರದು. ಇದರಲ್ಲಿ ಮಾಡಿದ ಬಟ್ಟಲು ಕೂಡ ಅಲಂಕಾರಕ್ಕೇ ಹೊರತು ಊಟಕ್ಕಲ್ಲ.

ಬೆಂದ ವಸ್ತುವನ್ನು ನೀರು ಹಾಕಿ 400, 600, 800 ನಂಬರಿನ ಮರಳು ಕಾಗದದಿಂದ ಕ್ರಮವಾಗಿ ಉಜ್ಜಿ ಬಟ್ಟೆಯಿಂದ ತಿಕ್ಕಿದರೆ ತಾನಾಗಿಯೇ ಹೊಳಪು ಬರುತ್ತದೆ. ಹೊಳಪಿಗೆಂದು ಉಗುರಿಗೆ ಹಚ್ಚುವ ಪಾರದರ್ಶಕ ಪಾಲಿಶ್ ಬಳಿಯುವ ರೂಢಿ ಇದೆಯಾದರೂ ಅದರ ದ್ರಾವಕ ಕಾಲಕ್ರಮೇಣ ಮೇಲ್ಮೈಯನ್ನು ಅಂಟಂಟಾಗಿಸುತ್ತದೆ. ನೀರು ಆಧಾರಿತ ವಾರ್ನಿಶ್ ಇದಕ್ಕೆ ಹೊಂದುತ್ತದೆ.