ಹಬ್ಬಕ್ಕೆ ರಾತ್ರಿಯೇ ಹೊರಟರೆ ಕ್ಷೇಮವಲ್ಲವೇ? – ಓದುಗರ ಪ್ರಶ್ನೆಗೆ ಉತ್ತರ

ಪ್ರಶ್ನೆ: ಆಯುಧಪೂಜೆ, ವಿಜಯದಶಮಿ, ವಾರದ ಕೊನೆ ಎಲ್ಲವೂ ಒಟ್ಟಿಗೆ ಬಂದಾಗ ಮೈಸೂರು–ಬೆಂಗಳೂರು ರಸ್ತೆಯಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಕೆಲಸ ಮುಗಿಸಿ, ಊಟ ಮಾಡಿ ರಾತ್ರಿ 11ಕ್ಕೋ, ಇಲ್ಲವೇ ಬೆಳಗಿನ ಜಾವ 2 ಗಂಟೆಗೋ ಹೊರಟರೆ ರಸ್ತೆ ಖಾಲಿ ಇರುತ್ತದೆ; ಅಪಾಯವೂ ಕಡಿಮೆ ಅಲ್ಲವೇ?

ಉತ್ತರ: ಅಲ್ಲ. ಉತ್ತರ ಇಷ್ಟೇ ಆದರೂ ಇಷ್ಟಕ್ಕೇ ಯಾರೂ ಒಪ್ಪುವುದಿಲ್ಲವೆಂಬುದು ನನಗೆ ಚೆನ್ನಾಗಿ ಗೊತ್ತಿದೆ. ಗೌರಿ ಗಣೇಶ ಹಬ್ಬಕ್ಕೆ ಮುಂಚೆ ಒಬ್ಬರು ಕೇಳುತ್ತಾರೆ, ದಸರೆಗೆ ಇನ್ನೊಬ್ಬರು, ದೀಪಾವಳಿಗೆ ಮತ್ತೊಬ್ಬರು. ಉತ್ತರಕ್ಕೆ ತಲೆಯಾಡಿಸಿದವರೇ ಸಂಕ್ರಾಂತಿಯ ಹೊತ್ತಿಗೆ ಹೊಸದಾಗಿ ಕೇಳುತ್ತಾರೆ. ಗಾಡಿ ಓಡಿಸುವುದನ್ನು ಕಲಿಸುವುದೇ ವೃತ್ತಿಯಾದ ಮೇಲೆ ಹೇಳಿದ್ದನ್ನೇ ಹೇಳಲು ಬೇಸರಪಡಬಾರದು, ನಿಜ. ಆದರೂ ಈ ಸಲ ಸ್ವಲ್ಪ ವಿಸ್ತಾರವಾಗಿ ಬರೆದುಬಿಡುತ್ತೇನೆ, ದಯವಿಟ್ಟು ತೆಗೆದಿಟ್ಟುಕೊಳ್ಳಿ.

ರಾತ್ರಿ ರಸ್ತೆ ಖಾಲಿ ಇರುತ್ತದೆ ಎಂಬುದರಲ್ಲಿ ಸುಳ್ಳಿಲ್ಲ. ಬೇಗ ತಲುಪುತ್ತೀರಿ ಎಂಬುದೂ ಬಹುಮಟ್ಟಿಗೆ ಸರಿಯೇ. ತಪ್ಪಿರುವುದು ಖಾಲಿ ರಸ್ತೆಯನ್ನು ಕ್ಷೇಮದ ರಸ್ತೆಯೆಂದು ತಿಳಿಯುವುದರಲ್ಲಿ. ಹಬ್ಬದ ಹಿಂದಿನ ಸಂಜೆ ಗಣಂಗೂರು ಟೋಲ್ ಹತ್ತಿರ ಸಾಲಿನಲ್ಲಿ ನಿಂತು, ಹತ್ತಡಿ ಸರಿದು ಮತ್ತೆ ನಿಲ್ಲುವ ಕಾರಿಗೆ ಆಗುವುದೇನಿದ್ದರೂ ಬಂಪರ್ ತರಚುವುದು, ಹಿಂದಿನವನೊಡನೆ ಮಾತಿಗೆ ಮಾತು ಬೆಳೆಯುವುದು, ಹಿಂದಿನ ಸೀಟಿನಲ್ಲಿ ಮಕ್ಕಳು ರಗಳೆ ತೆಗೆಯುವುದು. ಇವೆಲ್ಲ ಕಿರಿಕಿರಿಗಳೇ ಹೊರತು ಜೀವಕ್ಕೆ ಎರವಾಗುವಂಥವಲ್ಲ. ವೇಗ ಇಮ್ಮಡಿಯಾದರೆ ಡಿಕ್ಕಿಯ ಹೊಡೆತ ಇಮ್ಮಡಿಯಲ್ಲ, ನಾಲ್ಕು ಪಟ್ಟಾಗುತ್ತದೆ. ಖಾಲಿ ರಸ್ತೆ ಕೊಡುವುದು ಆ ವೇಗವನ್ನೇ.

ಈ ಮಾತು ಹೇಳಿದೊಡನೆ ಲೆಕ್ಕ ಬಲ್ಲ ಒಬ್ಬರಾದರೂ ಎದ್ದು ನಿಲ್ಲುತ್ತಾರೆ. ಕೇಂದ್ರ ಸಾರಿಗೆ ಸಚಿವಾಲಯದ ವಾರ್ಷಿಕ ವರದಿಗಳಲ್ಲಿ ಅತಿ ಹೆಚ್ಚು ಅಪಘಾತಗಳು ದಾಖಲಾಗುವುದು ಸಂಜೆ 6ರಿಂದ 9ರ ನಡುವೆ, ನಡುರಾತ್ರಿಯ ನಂತರದ ಸಂಖ್ಯೆ ತೀರಾ ಕಡಿಮೆ, ಆದ್ದರಿಂದ ರಾತ್ರಿಯೇ ಮೇಲು ಎಂಬುದು ಅವರ ವಾದ. ವರದಿಯಲ್ಲಿ ಇರುವುದು ಹೌದು, ಆದರೆ ಅದರಿಂದ ಹೊರಡಿಸಿದ ತೀರ್ಮಾನ ತಪ್ಪು. ಸಂಜೆ 7 ಗಂಟೆಗೆ ರಸ್ತೆಯ ಮೇಲೆ ಎಷ್ಟು ಗಾಡಿಗಳಿರುತ್ತವೆ, 3 ಗಂಟೆಯ ಜಾವಕ್ಕೆ ಎಷ್ಟಿರುತ್ತವೆ ಎಂಬುದನ್ನು ಸೇರಿಸದೆ ಬರೀ ಅಪಘಾತಗಳನ್ನು ಎಣಿಸಿದರೆ ಸಿಗುವುದು ಒಟ್ಟು ಸಂಖ್ಯೆ ಮಾತ್ರ, ನಿಮ್ಮೊಬ್ಬರ ಗಾಡಿಗೆ ಇರುವ ಅಪಾಯದ ಅಳತೆಯಲ್ಲ. ಕ್ರಮಿಸಿದ ಪ್ರತಿ ಕಿಲೋಮೀಟರಿಗೆ ಎಷ್ಟು ಸಾವು ಎಂದು ನೋಡಿದ ಕಡೆಗಳಲ್ಲೆಲ್ಲ ರಾತ್ರಿಯ ಪ್ರಯಾಣವೇ ಹೆಚ್ಚು ಅಪಾಯದ್ದೆಂದು ಕಂಡುಬಂದಿದೆ.

ಕಾರಣಗಳಲ್ಲಿ ಮೊದಲನೆಯದು ಬೆಳಕು. ನಮ್ಮ ಹೆದ್ದಾರಿಯಲ್ಲಿ ಕಾರುಗಳಿಗೆ ಇರುವ ಮಿತಿ ಗಂಟೆಗೆ 100 ಕಿಲೋಮೀಟರ್. ಆ ವೇಗದಲ್ಲಿ ಗಾಡಿ ಸೆಕೆಂಡಿಗೆ ಸುಮಾರು 28 ಮೀಟರ್ ಓಡುತ್ತದೆ. ಮುಂದೆ ಏನೋ ಇದೆ ಎಂದು ಮಿದುಳಿಗೆ ಹೊಳೆದು ಕಾಲು ಬ್ರೇಕಿನ ಮೇಲೆ ಬರುವುದಕ್ಕೆ ಒಂದೂವರೆ ಸೆಕೆಂಡ್ ಹಿಡಿದರೆ 42 ಮೀಟರ್ ಕಳೆದುಹೋಯಿತು. ಒಣಗಿದ ರಸ್ತೆಯಲ್ಲಿ, ಒಳ್ಳೆಯ ಟೈರಿದ್ದರೂ, ಅಲ್ಲಿಂದ ಪೂರ್ತಿ ನಿಲ್ಲುವುದಕ್ಕೆ ಇನ್ನೂ 55 ಮೀಟರ್ ಬೇಕು. ಒಟ್ಟು ನೂರು ಮೀಟರಿನ ಆಸುಪಾಸು. ಡಿಮ್ ಬೆಳಕಿನಲ್ಲಿ ದೀಪವಿಲ್ಲದ ಕಪ್ಪು ವಸ್ತುವೊಂದು ಕಾಣುವುದು ಹೆಚ್ಚೆಂದರೆ 50–60 ಮೀಟರ್ ದೂರದಿಂದ. ಅಂದರೆ ಕಂಡ ಮೇಲೆ ಬ್ರೇಕ್ ಹಾಕಿದರೂ ಗುದ್ದುವುದು ಖಂಡಿತ ಎಂಬ ಸ್ಥಿತಿಯಲ್ಲಿ ನೀವು ಇಡೀ ದಾರಿ ಗಾಡಿ ಓಡಿಸುತ್ತಿರುತ್ತೀರಿ. ಗುದ್ದಿಲ್ಲವೆಂದರೆ ಅಡ್ಡ ಯಾವುದೂ ಇರಲಿಲ್ಲ ಎಂದಷ್ಟೇ ಅರ್ಥ.

ಅಡ್ಡ ಏನಿರುತ್ತದೆ ಎಂದು ಮಂಡ್ಯದವರು ಕೇಳಬಾರದು. ದ್ವಿಚಕ್ರ ವಾಹನ, ಆಟೊ, ಟ್ರ್ಯಾಕ್ಟರುಗಳನ್ನು ಹೆದ್ದಾರಿಯ ಮುಖ್ಯ ಪಥದಿಂದ ಹೊರಗಿಟ್ಟು 2023ರ ಆಗಸ್ಟ್ 1ಕ್ಕೆ ಆದೇಶ ಜಾರಿಯಾಯಿತು, ಅದು ಒಳ್ಳೆಯದೇ ಆಯಿತು. ಆದರೆ ಪಂಕ್ಚರಾಗಿ ಅಂಚಿನಲ್ಲಿ ನಿಂತ ಲಾರಿಗೆ ಆ ಆದೇಶ ಅನ್ವಯಿಸುವುದಿಲ್ಲ. ಸರ್ವೀಸ್ ರಸ್ತೆಗೆ ಇಳಿದರೆ, ಅಥವಾ ಪಾಂಡವಪುರ, ನಾಗಮಂಗಲ, ಮಳವಳ್ಳಿಯ ಕಡೆ ತಿರುಗಿದರೆ, ಕಬ್ಬು ತುಂಬಿದ ಟ್ರೈಲರುಗಳು ಕಾದಿರುತ್ತವೆ: ಹಿಂದೆ ದೀಪವಿಲ್ಲ, ರಿಫ್ಲೆಕ್ಟರ್ ಇದ್ದರೂ ಧೂಳಿನಲ್ಲಿ ಮುಚ್ಚಿಹೋಗಿದೆ, ಟ್ರೈಲರಿನ ಅಗಲವನ್ನೂ ಮೀರಿ ಎರಡೂ ಕಡೆ ಒಂದೊಂದು ಗಜ ಕಬ್ಬಿನ ಜಲ್ಲೆಗಳು ಚಾಚಿಕೊಂಡಿವೆ. ಹಗಲಿನಲ್ಲಿ ಅದು ದೂರದಿಂದಲೇ ಕಾಣುವ ಹಸಿರು ಗುಡ್ಡೆ. ರಾತ್ರಿ, ಎದುರು ಬಸ್ಸಿನ ಹೈಬೀಮ್ ಕಣ್ಣಿಗೆ ಹೊಡೆದ ಮರುಕ್ಷಣ, ಅದು ಇಲ್ಲವೇ ಇಲ್ಲ.

ಇಷ್ಟಾದರೂ ಬೆಳಕಿನದು ಚಿಕ್ಕ ಕಾರಣ. ದೊಡ್ಡದು ನಿದ್ದೆ, ಜನ ಒಪ್ಪಿಕೊಳ್ಳದೆ ಇರುವುದೂ ಅದನ್ನೇ. ಬೆಳಿಗ್ಗೆ 6ಕ್ಕೆ ಎದ್ದು, ದಿನವಿಡೀ ದುಡಿದು, ರಾತ್ರಿ 11ಕ್ಕೆ ಸ್ಟಿಯರಿಂಗ್ ಹಿಡಿಯುವವರು ಆಗಲೇ 17 ಗಂಟೆ ಎಚ್ಚರವಾಗಿದ್ದಾರೆ. ಅಷ್ಟು ಹೊತ್ತು ಎಚ್ಚರವಿದ್ದವರ ಚುರುಕು, ರಕ್ತದಲ್ಲಿ 100 ಮಿಲಿಲೀಟರಿಗೆ 50 ಮಿಲಿಗ್ರಾಂ ಮದ್ಯಸಾರ ಇದ್ದವರ ಚುರುಕಿಗೆ ಸಮನಾಗಿರುತ್ತದೆ ಎಂದು ಆಸ್ಟ್ರೇಲಿಯಾದ ಸಂಶೋಧಕರು ಪರೀಕ್ಷಿಸಿ ತೋರಿಸಿದ್ದಾರೆ. ನಮ್ಮ ಮೋಟಾರು ವಾಹನ ಕಾಯ್ದೆಯ ಮಿತಿ 30 ಮಿಲಿಗ್ರಾಂ. ಹನಿ ಹೆಂಡ ಮುಟ್ಟದ ಗೃಹಸ್ಥರು, ಹಬ್ಬದ ಸಂಭ್ರಮದಲ್ಲಿ, ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ಆ ಮಿತಿಯನ್ನು ದಾಟಿದವರಂತೆ ಗಾಡಿ ಓಡಿಸುತ್ತಾರೆ. ಯಾವ ಪೊಲೀಸರೂ ಊದಿಸಿ ನೋಡಿ ಹಿಡಿಯಲಾರರು. ಇನ್ನು 2 ಗಂಟೆಗೆ ಹೊರಡುವವರದು ಮತ್ತೊಂದು ಬಗೆ. ಅವರು ಮೂರು ತಾಸು ಮಲಗಿ, ಅಲಾರಾಂ ಹೊಡೆಸಿಕೊಂಡು ಏಳುತ್ತಾರೆ, ಮತ್ತು ದೇಹ ಸಹಜವಾಗಿಯೇ ಅತಿ ಮಂಕಾಗಿರುವ 2ರಿಂದ 6ರವರೆಗಿನ ಅವಧಿಯನ್ನೇ ಆರಿಸಿಕೊಂಡು ರಸ್ತೆಗಿಳಿಯುತ್ತಾರೆ.

ನಿದ್ದೆ ಬಂದರೆ ಗೊತ್ತಾಗುತ್ತದೆ, ಆಗ ನಿಲ್ಲಿಸಿದರಾಯಿತು ಎನ್ನುತ್ತೀರಿ. ಗೊತ್ತಾಗುವುದಿಲ್ಲ. ಮೂರು ನಾಲ್ಕು ಸೆಕೆಂಡಿನ ಜೋಂಪು, ಕೆಲವೊಮ್ಮೆ ಕಣ್ಣು ತೆರೆದಂತೆಯೇ, ಬಂದುಹೋಗುತ್ತದೆ. ಬಂದವರಿಗೆ ಅದರ ನೆನಪೂ ಇರುವುದಿಲ್ಲ. ನಾಲ್ಕು ಸೆಕೆಂಡಿಗೆ ಕಾರು ನೂರು ಮೀಟರಿಗಿಂತ ಹೆಚ್ಚು ದೂರ ತಾನೇ ಓಡಿರುತ್ತದೆ. ಮದ್ದೂರು ಬೈಪಾಸ್ ದಾಟಿದ್ದು ನೆನಪಿಲ್ಲ, ಆಗಲೇ ಮಂಡ್ಯದ ಬೋರ್ಡ್ ಬಂತು ಎಂದು ಯಾರಾದರೂ ನಗುತ್ತಾ ಹೇಳಿದರೆ ನನಗೆ ನಗು ಬರುವುದಿಲ್ಲ. ತಿರುವುಗಳಿಲ್ಲದ, ಸಿಗ್ನಲ್ ಇಲ್ಲದ, ಅಡ್ಡ ಬರುವ ಊರುಗಳಿಲ್ಲದ ಈ ರಸ್ತೆ ಅನುಕೂಲವನ್ನು ತಂದಂತೆ ಜೋಂಪನ್ನೂ ತಂದಿದೆ.

ಕಿಟಕಿ ಇಳಿಸುವುದು, ಹಾಡು ಜೋರಾಗಿ ಹಾಕುವುದು, ಮುಖಕ್ಕೆ ನೀರು ಚಿಮುಕಿಸಿಕೊಳ್ಳುವುದು, ಎಲೆ ಅಡಿಕೆ ಜಗಿಯುವುದು, ಪಕ್ಕದಲ್ಲಿ ಕೂತವರು ಮಾತನಾಡಿಸುತ್ತಿರುವುದು ಎಂಬ ಉಪಾಯಗಳ ಪಟ್ಟಿ ನನ್ನ ಬಳಿಯೂ ಇದೆ. ಇಂಗ್ಲೆಂಡಿನ ಲಫ್‌ಬರೊ ವಿಶ್ವವಿದ್ಯಾಲಯದವರು ತಣ್ಣನೆಯ ಗಾಳಿ ಮತ್ತು ರೇಡಿಯೊ ಎರಡನ್ನೂ 1990ರ ದಶಕದಲ್ಲೇ ಪರೀಕ್ಷೆಗೆ ಒಡ್ಡಿ, ಸ್ವಲ್ಪ ಹೊತ್ತಿನ ಅಲ್ಪ ಪ್ರಯೋಜನಕ್ಕಿಂತ ಹೆಚ್ಚೇನೂ ಇಲ್ಲವೆಂದು ಕಂಡುಕೊಂಡರು. ಇನ್ನು ಪಕ್ಕದಲ್ಲಿ ಕೂತವರ ವಿಷಯ: ಊರು ದಾಟುವ ಮೊದಲೇ ಅವರು ಗೊರಕೆ ಹೊಡೆಯುತ್ತಿರುತ್ತಾರೆ. ಕಾಫಿ ಕೆಲಸ ಮಾಡುತ್ತದೆ, ಆದರೆ ಕುಡಿದ ಅರ್ಧ ಗಂಟೆಯ ಮೇಲೆ, ಮತ್ತು ನಿದ್ದೆಯ ಸಾಲವನ್ನು ಅದು ಮುಂದಕ್ಕೆ ಹಾಕುತ್ತದೆಯೇ ಹೊರತು ತೀರಿಸುವುದಿಲ್ಲ. ಆದ್ದರಿಂದ ಸರಿಯಾದ ಕ್ರಮವೆಂದರೆ ಕಾಫಿ ಕುಡಿದು ಕೂಡಲೇ ಹೊರಡದೆ, ಸೀಟು ಹಿಂದಕ್ಕೆ ಬಾಗಿಸಿ ಹದಿನೈದು ಇಪ್ಪತ್ತು ನಿಮಿಷ ಕಣ್ಣು ಮುಚ್ಚುವುದು. ಎದ್ದಾಗ ಎರಡೂ ಒಟ್ಟಿಗೆ ಫಲ ಕೊಡುತ್ತವೆ. ಇದನ್ನು ಮುಖ್ಯ ಪಥದ ಅಂಚಿನಲ್ಲಿ ಮಾಡಬೇಡಿ. ಮದ್ದೂರಿಗೋ ಮಂಡ್ಯಕ್ಕೋ ಶ್ರೀರಂಗಪಟ್ಟಣಕ್ಕೋ ಇಳಿದು, ಹೋಟೆಲ್ ಅಥವಾ ಪೆಟ್ರೋಲ್ ಬಂಕಿನ ಬೆಳಕಿನಲ್ಲಿ ಮಾಡಿ. ಗಾಡಿಯೇ ಕೆಟ್ಟು ಅಂಚಿನಲ್ಲಿ ನಿಲ್ಲಬೇಕಾದರೆ ಎಲ್ಲರೂ ಇಳಿದು ತಡೆಬೇಲಿಯ ಆಚೆ ನಿಂತು ಹೆದ್ದಾರಿ ಸಹಾಯವಾಣಿ 1033ಕ್ಕೆ ಕರೆ ಮಾಡಿ.

ಹಾಗಾದರೆ ಯಾವಾಗ ಹೊರಡಬೇಕು? ರಾತ್ರಿ ಪೂರ್ತಿ ಮಲಗಿ, ಬೆಳಕು ಹರಿದ ಮೇಲೆ. ಜಂಬೂಸವಾರಿಯ ದಿನ ಮಧ್ಯಾಹ್ನ ಮೈಸೂರಿಗೆ ನುಗ್ಗುವ ಯೋಚನೆಯಿದ್ದರೆ ಹಿಂದಿನ ದಿನವೇ ಬಂದು ಉಳಿಯಿರಿ. ಊಟಿ, ವಯನಾಡಿನ ಕಡೆ ಹೊರಟವರಿಗೆ ಒಂದು ಮಾತು: ಬಂಡೀಪುರದಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಸಂಚಾರ ನಿಷೇಧವಿದೆ ಎಂದು ಗೊತ್ತಿದ್ದೂ ತಡವಾಗಿ ಹೊರಟು, ಗೇಟು ಮುಚ್ಚುವುದರೊಳಗೆ ಸೇರಬೇಕೆಂದು ಗುಂಡ್ಲುಪೇಟೆಯ ಆಚೆ ಕಾರು ಹಾರಿಸುವವರಿದ್ದಾರೆ. ಗೇಟು ಮರುದಿನ ಬೆಳಿಗ್ಗೆಯೂ ತೆರೆಯುತ್ತದೆ.

ಪೂಜೆ ಮಾಡಿದ ಗಾಡಿಯ ಬಗ್ಗೆಯೂ ಎರಡು ಸಾಲು. ಹೆಡ್‌ಲೈಟ್ ಮುಚ್ಚುವಂತೆ ಕಟ್ಟಿದ ಬಾಳೆಕಂದು, ಗಾಜಿನ ಅರ್ಧಕ್ಕೆ ಇಳಿಬಿದ್ದ ಸೇವಂತಿಗೆ ಹಾರ ಇವುಗಳನ್ನು ಹೆದ್ದಾರಿಗೆ ಹೋಗುವ ಮೊದಲು ಬಿಚ್ಚಿ. ಒಡೆದ ಬೂದುಗುಂಬಳದ ಹೋಳುಗಳನ್ನು ರಸ್ತೆಯಿಂದ ಎತ್ತಿ ಪಕ್ಕಕ್ಕೆ ಹಾಕಿ, ಅದರ ಮೇಲೆ ಜಾರಿ ಬೀಳುವುದು ಹಿಂದೆ ಬರುವ ಸ್ಕೂಟರಿನವರು.

ಯಾರೂ ಕೇಳದೆ ಇರುವ ಒಂದು ಪ್ರಶ್ನೆಗೂ ಇಲ್ಲೇ ಉತ್ತರಿಸುತ್ತೇನೆ, ಏಕೆಂದರೆ ನಮ್ಮ ಜಿಲ್ಲೆಗಳಲ್ಲಿ ಅದನ್ನು ಕೇಳಲೇಬೇಕು. ಟೋಲ್ ಉಳಿಸಲು, ಜಾಮ್ ತಪ್ಪಿಸಲು ಫೋನಿನ ನಕ್ಷೆ ನಂಬಿ ಒಳರಸ್ತೆ ಹಿಡಿದರೆ ಪಕ್ಕದಲ್ಲಿ ವಿಶ್ವೇಶ್ವರಯ್ಯ ನಾಲೆ ಸಿಗುತ್ತದೆ, ಎಷ್ಟೋ ಕಡೆ ತಡೆಗೋಡೆ ಇಲ್ಲದೆ. 2018ರ ನವೆಂಬರ್ 24ರಂದು ಕನಗನಮರಡಿಯಲ್ಲಿ ಬಸ್ಸು ನಾಲೆಗೆ ಉರುಳಿ 30 ಜನ ತೀರಿಕೊಂಡದ್ದು ಹಾಡಹಗಲಿನಲ್ಲಿ. ಕಾರು ನೀರಿಗೆ ಬಿದ್ದರೆ ಮೊದಲ ಒಂದು ನಿಮಿಷ ಬಹುತೇಕ ತೇಲುತ್ತಿರುತ್ತದೆ, ಆ ನಿಮಿಷವೇ ನಿಮ್ಮದು. ಫೋನ್ ಮುಟ್ಟಬೇಡಿ, ಬಾಗಿಲು ತಳ್ಳಬೇಡಿ. ಹೊರಗಿನ ನೀರಿನ ಒತ್ತಡಕ್ಕೆ ಅದು ತೆರೆಯುವುದಿಲ್ಲ, ತೆರೆದರೆ ಕಾರು ಬೇಗ ಮುಳುಗುತ್ತದೆ. ಬೆಲ್ಟ್ ಬಿಚ್ಚಿ, ನೀರು ಕಿಟಕಿಯ ಮಟ್ಟಕ್ಕೆ ಬರುವ ಮೊದಲೇ ಗಾಜು ಇಳಿಸಿ, ಮಕ್ಕಳನ್ನು ಮೊದಲು ಹೊರಗೆ ತಳ್ಳಿ ನೀವೂ ಹೊರಬನ್ನಿ. ಗಾಜು ಇಳಿಯದಿದ್ದರೆ ಪಕ್ಕದ ಕಿಟಕಿಯ ಮೂಲೆಗೆ ಹೊಡೆಯಬೇಕು. ಮುಂದಿನ ಗಾಜು ಎರಡು ಪದರದ್ದಾದ್ದರಿಂದ ಬಿರುಕು ಬಿಡುತ್ತದೆಯೇ ಹೊರತು ದಾರಿ ಕೊಡುವುದಿಲ್ಲ. ಕೆಲವು ಹೊಸ ಕಾರುಗಳಲ್ಲಿ ಪಕ್ಕದ ಗಾಜೂ ಅಂಥದ್ದೇ, ಕೊಳ್ಳುವಾಗಲೇ ಕೇಳಿ ತಿಳಿದುಕೊಳ್ಳಿ. ಗಾಜು ಒಡೆಯುವ ಚಿಕ್ಕ ಸುತ್ತಿಗೆ ಅಂಗಡಿಗಳಲ್ಲಿ ಸಿಗುತ್ತದೆ. ಕೊಂಡ ಮೇಲೆ ಅದನ್ನು ಡಿಕ್ಕಿಯಲ್ಲೋ ಡ್ಯಾಶ್‌ಬೋರ್ಡಿನ ಪೆಟ್ಟಿಗೆಯಲ್ಲೋ ಇಡದೆ, ಬೆಲ್ಟ್ ಹಾಕಿಕೊಂಡು ಕೂತಾಗ ಕೈಗೆ ಎಟುಕುವ ಕಡೆ ಗಟ್ಟಿಯಾಗಿ ಸಿಕ್ಕಿಸಿಡಿ.